ಒಳಗಿನಿಂದ ಜಡಿದ ಉಣುಗೋಲು

"ಅಲ್ಲ ಕಣಪ್ಪ, ಎದೆ ಹತ್ರ ಕುಯ್ದು ಮಿಷನ್ ಇಡ್ತಾರಂತೆ. ಆದ್ರೆ ಪೂರ್ತಿ ಮತ್ತು ಕೊಡಲ್ವಂತೆ. ಎಚ್ಚರ ಇರೋವಾಗ್ಲೇ ಕುಯ್ಸ್ಕೊಳೋದು ಹೆಂಗೆ? ಹಂಗಂತ ಮತ್ತು ಕೊಟ್ರೂ ಹೆದರಿಕೆನೇ. ಮೊದ್ಲೇ ನಿಧಾನ ಹೊಡ್ಕೊಳೋ ಎದೆ. ಅದೂ ಮಲಗಿಬಿಟ್ರೆ?"

ಪಾಳ್ಯದ ಹಿರಿಯ ಬೆಳೆಗಾರರೊಬ್ಬರು ಕಾಫಿ ಕಣದ ಅಂಚಿಗೆ ಕೂತು ನನ್ನನ್ನು ಕೇಳಿದ ಪ್ರಶ್ನೆ ಇದು. ಅವರ ಎಡಗೈ ಮಾತಿನುದ್ದಕ್ಕೂ ಎದೆಯ ಮೇಲೇ ಇತ್ತು. 2025ರ ಜೂನ್ ಕೊನೆಯ ಆ ದಿನಗಳು ನಮ್ಮ ಜಿಲ್ಲೆಯವರಿಗೆ ಮರೆತಿಲ್ಲ. ಹಾಸನದಲ್ಲಿ ನಲವತ್ತು ದಿನಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಹೋದರು ಎಂಬ ಸುದ್ದಿ ಹಬ್ಬಿ, ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಲೆಕ್ಕ ಹಾಕಿ, ಹಿಂದಿಗಿಂತ ಅಸಹಜ ಏರಿಕೆಯೇನೂ ಇಲ್ಲ ಎಂದು ಜುಲೈನಲ್ಲಿ ವರದಿ ಕೊಟ್ಟಿತು. ಆ ಭಯದಲ್ಲಿ ಇಸಿಜಿ ಮಾಡಿಸಿಕೊಂಡವರಲ್ಲಿ ನಮ್ಮ ಹಿರಿಯರೂ ಒಬ್ಬರು. ರಕ್ತನಾಳ ಕಟ್ಟಿಕೊಂಡಿರಲಿಲ್ಲ. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಹೋಗಬೇಕಾದ ವಿದ್ಯುತ್ ಸಂಕೇತ ನಡುದಾರಿಯಲ್ಲಿ ತಡೆಯುತ್ತಿತ್ತು. ಆಮೇಲೆ ಎರಡು ಸಲ ತಲೆ ಸುತ್ತಿ ಬಿದ್ದರು. ಪೇಸ್‌ಮೇಕರ್ ಹಾಕಿಸಲೇಬೇಕು ಎಂದರು ಡಾಕ್ಟರು.

ಅವರ ಪ್ರಶ್ನೆ ಒಂದೇ ಅನಿಸಿದರೂ ಒಳಗೆ ಎರಡಿವೆ. ಎಚ್ಚರವಿದ್ದೂ ನೋವು ಹೇಗೆ ಹೋಗುತ್ತದೆ? ಎಚ್ಚರ ಹೋದರೂ ಹೃದಯ ಹೇಗೆ ನಡೆಯುತ್ತದೆ? ಎರಡಕ್ಕೂ ಉತ್ತರ ಇರುವುದು ಜೀವಕೋಶದ ಬಾಗಿಲುಗಳಲ್ಲಿ. ಅದನ್ನು ವಿವರಿಸಲು ನಾನು ಅವರ ಗದ್ದೆಯ ಉಣುಗೋಲನ್ನೇ ಹಿಡಿದುಕೊಂಡೆ.

ಮಲೆನಾಡಿನವರಿಗೆ ಉಣುಗೋಲು ಹೇಳಿಕೊಡಬೇಕಾಗಿಲ್ಲ. ಎರಡು ತೂತಿನ ಕಂಬ, ಅಡ್ಡಕ್ಕೆ ತೂರಿಸಿದ ಗಳ. ಗಳ ಸರಿಸಿದರೆ ದಾರಿ, ತಳ್ಳಿದರೆ ತಡೆ. ಈಗ ಹೊರಗೆ ಹಸಿದ ದನಗಳ ಹಿಂಡು ನಿಂತಿದೆ, ಒಳಗೆ ಹಸಿರು ಪೈರಿದೆ ಎಂದುಕೊಳ್ಳಿ. ನರತಂತುವಿನ ಸ್ಥಿತಿ ಥೇಟ್ ಇದೇ. ಹೊರಗೆ ಸೋಡಿಯಂ, ಅಂದರೆ ಉಪ್ಪಿನಲ್ಲಿರುವ ಕಣ, ತುಂಬಿ ತುಳುಕುತ್ತಿರುತ್ತದೆ. ಒಳಗೆ ಬಲು ಕಡಿಮೆ. ಚರ್ಮಕ್ಕೆ ಚಾಕು ತಗುಲಿದ ಕ್ಷಣ ಒಂದು ಉಣುಗೋಲು ಸರಿಯುತ್ತದೆ, ಸೋಡಿಯಂ ನುಗ್ಗುತ್ತದೆ. ಆ ನುಗ್ಗಾಟದ ಗದ್ದಲಕ್ಕೇ ಪಕ್ಕದ ಉಣುಗೋಲೂ ಸರಿಯುತ್ತದೆ, ಅದರ ಗದ್ದಲಕ್ಕೆ ಅದರಾಚೆಯದು. ಹೀಗೆ ಬೇಲಿಯುದ್ದಕ್ಕೂ ಬಾಗಿಲುಗಳು ಒಂದಾದ ಮೇಲೊಂದು ತೆರೆಯುತ್ತ ಸುದ್ದಿ ಮಿದುಳಿಗೆ ಮುಟ್ಟುತ್ತದೆ. ಮುಟ್ಟಿದ ಮೇಲೇ ಅದಕ್ಕೆ ನೋವು ಎಂಬ ಹೆಸರು. ಒಂದೊಂದು ಬಾಗಿಲು ತೆರೆದಿರುವುದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು.

ಪೇಸ್‌ಮೇಕರ್ ಇಡುವಾಗ ಕೊರಳೆಲುಬಿನ ಕೆಳಗೆ ಚುಚ್ಚುವ ಔಷಧ ಲಿಗ್ನೋಕೇನ್. ಹಲ್ಲಿನ ಡಾಕ್ಟರು ಒಸಡಿಗೆ ಚುಚ್ಚುವುದೂ ಅದನ್ನೇ. ಅದು ಉಣುಗೋಲನ್ನು ಹೊರಗಿನಿಂದ ತಡೆಯುವುದಿಲ್ಲ. ಅದಕ್ಕೆ ಎರಡು ವೇಷ. ಒಂದು ಜಿಡ್ಡಿನ ವೇಷ, ಇನ್ನೊಂದು ವಿದ್ಯುದಾವೇಶ ಹೊತ್ತ ವೇಷ. ಜಿಡ್ಡಿನ ವೇಷದಲ್ಲಿ ಜೀವಕೋಶದ ಕೊಬ್ಬಿನ ಬೇಲಿ ನುಸುಳಿ ಒಳಹೋಗುತ್ತದೆ. ಒಳಗೆ ಹೋದ ಮೇಲೆ ವೇಷ ಬದಲಿಸಿ, ಬಾಗಿಲ ದಾರಿಯೊಳಗೆ ಕೂತು ಗೂಟ ಜಡಿಯುತ್ತದೆ. ಹೊರಗೆ ದನ ಎಷ್ಟು ತಳ್ಳಿದರೂ ದಾರಿಯಿಲ್ಲ. ಹಲ್ಲಿನ ಬುಡದಲ್ಲಿ ಕೀವು ಕಟ್ಟಿದಾಗ ಈ ಇಂಜೆಕ್ಷನ್ ಸರಿಯಾಗಿ ಹಿಡಿಯುವುದಿಲ್ಲ, ಯಾಕೆಂದೂ ಇದರಿಂದಲೇ ತಿಳಿಯುತ್ತದೆ. ಕೀವಿನ ಜಾಗ ಹುಳಿ. ಅಲ್ಲಿ ಔಷಧ ಬೇಲಿಯ ಹೊರಗೇ ವೇಷ ಬದಲಿಸಿಕೊಂಡುಬಿಡುತ್ತದೆ, ಒಳನುಸುಳಲು ಆಗುವುದಿಲ್ಲ.

ಇದನ್ನು 1943ರಲ್ಲಿ ತಯಾರಿಸಿದವರು ಸ್ಟಾಕ್‌ಹೋಮ್‌ನ ರಸಾಯನಶಾಸ್ತ್ರಜ್ಞ ನಿಲ್ಸ್ ಲಾಫ್‌ಗ್ರೆನ್. ಅವರ ಜೊತೆಗಿದ್ದ ವಿದ್ಯಾರ್ಥಿ ಬೆಂಗ್ಟ್ ಲುಂಡ್‌ಕ್ವಿಸ್ಟ್ ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷೆ ಮಾಡಿದ. ಆ ಹುಡುಗನ ಧೈರ್ಯದ ಫಲವನ್ನು ಈಗ ತಾಲೂಕು ಆಸ್ಪತ್ರೆಯ ಹೊಲಿಗೆ ಹಾಕುವ ಕೋಣೆಯಲ್ಲೂ ಕಾಣಬಹುದು.

ನನಗೆ ತುಂಬ ಇಷ್ಟವಾದ ಸಂಗತಿ ಇನ್ನೊಂದಿದೆ. ಈ ಗೂಟ ಪದೇ ಪದೇ ತೆರೆಯುವ ಬಾಗಿಲಿಗೇ ಹೆಚ್ಚು ಬೀಳುತ್ತದೆ. ದಿನಕ್ಕೊಮ್ಮೆ ತೆರೆಯುವ ಉಣುಗೋಲಿಗಿಂತ ಗಳಿಗೆಗೊಮ್ಮೆ ತೆರೆಯುವುದಕ್ಕೆ ಗೂಟ ಬೀಳುವ ಸಂದರ್ಭ ಜಾಸ್ತಿ. ಹೃದಯದ ಸ್ನಾಯುವಿನಲ್ಲೂ ಸೋಡಿಯಂ ಬಾಗಿಲುಗಳಿವೆ. ಹೃದಯಾಘಾತವಾದಾಗ ಪೆಟ್ಟು ತಿಂದ ಭಾಗ ಲಂಗುಲಗಾಮಿಲ್ಲದೆ ಹೊಡೆದುಕೊಳ್ಳತೊಡಗಿದರೆ, ಇದೇ ಲಿಗ್ನೋಕೇನನ್ನು ರಕ್ತನಾಳಕ್ಕೆ ಕೊಟ್ಟು ತಹಬಂದಿಗೆ ತರುವುದುಂಟು. ಓಡುವ ಬಾಗಿಲುಗಳು ಸಿಕ್ಕಿಬೀಳುತ್ತವೆ, ನಿಧಾನವಾಗಿ ನಡೆಯುವವು ಬಹುಪಾಲು ಪಾರಾಗುತ್ತವೆ.

ಇನ್ನು ಯಂತ್ರದ ಮಾತು. ಹೃದಯಕ್ಕೆ ಯಾರ ಅಪ್ಪಣೆಯೂ ಬೇಡ. ಅದರ ಮೇಲಿನ ಬಲಮೂಲೆಯಲ್ಲಿ ತನ್ನಷ್ಟಕ್ಕೆ ತಾನೇ ಮಿಡಿಯುವ ಒಂದು ಗಂಟು ಇದೆ. ಅದನ್ನು ಮೊದಲು ಕಂಡದ್ದು ಇಂಗ್ಲೆಂಡಿನ ಹಳ್ಳಿಮನೆಯೊಂದರಲ್ಲಿ. ಅಂಗರಚನಾ ವಿಜ್ಞಾನಿ ಆರ್ಥರ್ ಕೀತ್ ಹೆಂಡತಿಯ ಜೊತೆ ಸೈಕಲ್ ಸವಾರಿಗೆ ಹೋಗಿದ್ದರು. ಮನೆಯಲ್ಲಿದ್ದ ವೈದ್ಯಕೀಯ ವಿದ್ಯಾರ್ಥಿ ಮಾರ್ಟಿನ್ ಫ್ಲ್ಯಾಕ್, ನೆಲದಡಿ ಬಿಲ ತೋಡುವ ಮೋಲ್ ಎಂಬ ಪುಟ್ಟ ಪ್ರಾಣಿಯ ಹೃದಯವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ. ಅವರು ವಾಪಸು ಬರುವಷ್ಟರಲ್ಲಿ ಈ ವಿಚಿತ್ರ ಗಂಟು ಅವನ ಕಣ್ಣಿಗೆ ಬಿದ್ದಿತ್ತು. 1907ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದರು. ಆ ಗಂಟಿನ ಜೀವಕೋಶಗಳಲ್ಲಿ, ಬೇರೆ ಬಾಗಿಲುಗಳು ಮುಚ್ಚಿಕೊಂಡು ಕೋಶ ವಿಶ್ರಾಂತಿಗೆ ಇಳಿಯುವ ಹೊತ್ತಿಗೆ ತಾವಾಗಿಯೇ ತೆರೆಯುವ ಬಾಗಿಲುಗಳಿವೆ. ಆ ಉಲ್ಟಾ ಸ್ವಭಾವಕ್ಕಾಗಿ ವಿಜ್ಞಾನಿಗಳು ಅವುಗಳ ವಿದ್ಯುತ್ತಿಗೆ 'ಫನ್ನಿ ಕರೆಂಟ್' ಎಂದೇ ಹೆಸರಿಟ್ಟಿದ್ದಾರೆ.

ಗಂಟು ಸೋತಾಗ, ಅಥವಾ ನಮ್ಮ ಹಿರಿಯರಂತೆ ಸಂಕೇತ ನಡುದಾರಿಯಲ್ಲಿ ನಿಂತಾಗ, ಹೊರಗಿನಿಂದ ಮಿಡಿತ ಕೊಡಬೇಕು. ಮೊದಲಿನ ಪೇಸ್‌ಮೇಕರುಗಳು ಗೋಡೆಯ ಪ್ಲಗ್ಗಿನಿಂದ ಕರೆಂಟು ಎಳೆಯುತ್ತಿದ್ದವು. 1957ರ ಅಕ್ಟೋಬರ್ 31ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಕರೆಂಟು ಹೋಯಿತು, ಅಂಥ ಯಂತ್ರ ನಂಬಿದ್ದ ಮಗುವೊಂದು ತೀರಿಕೊಂಡಿತು. ಆಷಾಢದ ಗಾಳಿಮಳೆಗೆ ಕಂಬ ಮುರಿದು ಮೂರು ಮೂರು ದಿನ ಕತ್ತಲಲ್ಲಿ ಕೂರುವ ನಮಗೆ ಇದನ್ನು ಓದಿದರೆ ಕರುಳು ಚುರ್ರೆನ್ನುತ್ತದೆ. ಶಸ್ತ್ರವೈದ್ಯ ವಾಲ್ಟನ್ ಲಿಲೆಹೈ ಆಸ್ಪತ್ರೆಯ ಉಪಕರಣ ರಿಪೇರಿ ಮಾಡುತ್ತಿದ್ದ ಅರ್ಲ್ ಬಕ್ಕೆನ್‌ರನ್ನು ಕರೆದು ದಾರಿ ಕೇಳಿದರು. ಬಕ್ಕೆನ್ ಸಂಗೀತ ಕಲಿಯುವವರಿಗೆ ತಾಳ ಹಾಕಿಕೊಡುವ ಮೆಟ್ರೊನೋಮ್‌ನ ಸರ್ಕ್ಯೂಟನ್ನು ಒಂದು ಪತ್ರಿಕೆಯಲ್ಲಿ ನೋಡಿದ್ದರು. ಅದನ್ನೇ ತಿದ್ದಿ, ಗ್ಯಾರೇಜಿನಲ್ಲಿ ನಾಲ್ಕೇ ವಾರಗಳಲ್ಲಿ ಬ್ಯಾಟರಿಯ ಪುಟ್ಟ ಡಬ್ಬಿ ಮಾಡಿಕೊಟ್ಟರು.

ಮೈಯೊಳಗೆ ಇಡುವ ಪೇಸ್‌ಮೇಕರ್ ಬಂದದ್ದು ಮರುವರ್ಷ, ಲಿಗ್ನೋಕೇನ್ ಹುಟ್ಟಿದ ಅದೇ ಸ್ಟಾಕ್‌ಹೋಮ್‌ನಲ್ಲಿ. 43 ವರ್ಷದ ಆರ್ನೆ ಲಾರ್ಸನ್ ದಿನಕ್ಕೆ ಹಲವಾರು ಸಲ ಪ್ರಜ್ಞೆ ತಪ್ಪುತ್ತಿದ್ದರು. ಅವರ ಹೆಂಡತಿ ಎಲ್ಸ್ ಮರೀ, ಎಂಜಿನಿಯರ್ ರೂನ್ ಎಲ್ಮ್‌ಕ್ವಿಸ್ಟ್ ಮತ್ತು ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಇಬ್ಬರ ಬೆನ್ನು ಬಿಡಲಿಲ್ಲ. ಎಲ್ಮ್‌ಕ್ವಿಸ್ಟ್ ಬೂಟ್ ಪಾಲಿಶ್ ಡಬ್ಬಿಯನ್ನೇ ಅಚ್ಚು ಮಾಡಿಕೊಂಡು, ಎಪಾಕ್ಸಿ ಅಂಟು ಸುರಿದು ಯಂತ್ರ ಎರೆದರು. 1958ರ ಅಕ್ಟೋಬರ್ 8ರಂದು ಒಳಗಿಟ್ಟ ಮೊದಲ ಯಂತ್ರ ಕೆಲವೇ ಗಂಟೆಗಳಲ್ಲಿ ಕೈಕೊಟ್ಟಿತು. ಬದಲಿ ಇಟ್ಟರು. ಲಾರ್ಸನ್ ಒಟ್ಟು 26 ಯಂತ್ರ ಬದಲಾಯಿಸಿಕೊಂಡು 2001ರವರೆಗೆ, 86 ವರ್ಷ, ಬದುಕಿದರು. ಯಂತ್ರ ಮಾಡಿದವರು, ಇಟ್ಟವರು ಇಬ್ಬರೂ ಅವರಿಗಿಂತ ಮೊದಲೇ ತೀರಿಕೊಂಡರು. ಈ ಕಥೆ ಕೇಳಿದ ಮೇಲೆ ನಮ್ಮ ಹಿರಿಯರ ಕೈ ಎದೆಯಿಂದ ಕೆಳಗಿಳಿಯಿತು.

ಅವರ ಎರಡನೆಯ ಪ್ರಶ್ನೆ ಉಳಿದಿತ್ತು. ಪೂರ್ತಿ ಮತ್ತು ಕೊಟ್ಟರೆ ಎದೆಯೂ ಮಲಗುತ್ತದೆಯೇ?

ನೂರು ವರ್ಷದ ಹಿಂದಿನ ವಿಜ್ಞಾನಿಗಳನ್ನು ಕೇಳಿದ್ದರೆ ಅವರೂ ಉತ್ತರಕ್ಕೆ ತಡಕಾಡುತ್ತಿದ್ದರು. 1899ರಲ್ಲಿ ಜರ್ಮನಿಯ ಹಾನ್ಸ್ ಮೇಯರ್, 1901ರಲ್ಲಿ ಜ್ಯೂರಿಕ್‌ನಲ್ಲಿದ್ದ ಅರ್ನೆಸ್ಟ್ ಓವರ್‌ಟನ್ ಒಂದೇ ಸೂತ್ರ ಕಂಡುಹಿಡಿದರು. ಮತ್ತು ಬರಿಸುವ ವಸ್ತು ಆಲಿವ್ ಎಣ್ಣೆಯಲ್ಲಿ ಎಷ್ಟು ಚೆನ್ನಾಗಿ ಕರಗುತ್ತದೋ ಅಷ್ಟು ಅದರ ಬಲ. ಓವರ್‌ಟನ್ ಇದನ್ನು ಪರೀಕ್ಷಿಸಿದ್ದು ಗೊದಮೊಟ್ಟೆಗಳ ಮೇಲೆ. ಯಾವ ಪ್ರಮಾಣಕ್ಕೆ ಅವು ಈಜು ನಿಲ್ಲಿಸುತ್ತವೆ ಎಂದು ಒಂದೊಂದೇ ವಸ್ತು ಹಾಕಿ ನೋಡಿದರು. ಸೂತ್ರ ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ, ಅರಿವಳಿಕೆ ಎಂದರೆ ಜೀವಕೋಶದ ಕೊಬ್ಬಿನ ಬೇಲಿಯೇ ಮೆತ್ತಗಾಗುವುದು ಎಂದು ಬಹುಕಾಲ ನಂಬಿದರು. ಹಾಗಿದ್ದರೆ ಹೃದಯದ ಬೇಲಿಯೂ ಮೆತ್ತಗಾಗಬೇಕಲ್ಲ!

ಈ ನಂಬಿಕೆಗೆ ಬಲವಾದ ಪೆಟ್ಟು ಕೊಟ್ಟದ್ದು ಮಿಂಚುಹುಳು. ಮೇ ತಿಂಗಳಲ್ಲಿ, ಮೊದಲ ಮಳೆ ಬಿದ್ದ ರಾತ್ರಿ, ನಮ್ಮ ತೋಟಗಳ ಸಿಲ್ವರ್ ಓಕ್ ಮರಗಳ ಸಾಲಿನಲ್ಲಿ ಮಿನುಗುತ್ತವಲ್ಲ, ಅದೇ. ಅದರ ಬೆಳಕು ಹೊಮ್ಮುವುದು ಲೂಸಿಫೆರೇಸ್ ಎಂಬ ಪ್ರೋಟೀನಿನಿಂದ. 1984ರಲ್ಲಿ ಲಂಡನ್ನಿನ ನಿಕ್ ಫ್ರಾಂಕ್ಸ್ ಮತ್ತು ವಿಲಿಯಂ ಲೀಬ್ ಆ ಪ್ರೋಟೀನನ್ನು ಶುದ್ಧಮಾಡಿ ನೀರಿನಲ್ಲಿಟ್ಟರು. ಅಲ್ಲಿ ಕೊಬ್ಬೂ ಇಲ್ಲ, ಬೇಲಿಯೂ ಇಲ್ಲ. ಅದಕ್ಕೆ ಮತ್ತಿನ ಔಷಧ ಬೆರೆಸಿದರೆ ಬೆಳಕು ಮಂದವಾಯಿತು. ಪ್ರಾಣಿಗಳಿಗೆ ಮತ್ತು ಬರಿಸುವಷ್ಟೇ ಪ್ರಮಾಣಕ್ಕೆ! ಔಷಧ ಪ್ರೋಟೀನಿನ ಜಿಡ್ಡುಜಿಡ್ಡಾದ ಪೊಟರೆಯೊಂದರಲ್ಲಿ ಹೋಗಿ ಕೂರುತ್ತದೆ ಎಂದು ಅವರು ತೋರಿಸಿಕೊಟ್ಟರು. ಎಣ್ಣೆಯ ಸೂತ್ರ ಯಾಕೆ ಅಷ್ಟು ದಿನ ಸರಿಯೆನಿಸಿತ್ತು ಎಂಬುದಕ್ಕೂ ಅದರಲ್ಲೇ ಉತ್ತರವಿತ್ತು.

ಆಮೇಲಿನ ಹುಡುಕಾಟ ಯಾವ ಪ್ರೋಟೀನು ಎಂಬುದರದ್ದು. ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕಕ್ಕೆ ತೆರೆಯುವ ಬಾಗಿಲುಗಳಿವೆ. ಅವು ತೆರೆದರೆ ಕ್ಲೋರೈಡ್ ಒಳಬಂದು ನರಕೋಶ ಸುಮ್ಮನಾಗುತ್ತದೆ. ಈಗ ಹೆಚ್ಚಾಗಿ ಬಳಸುವ, ಹಾಲಿನಂತೆ ಬೆಳ್ಳಗಿರುವ ಪ್ರೊಪೊಫಾಲ್ ಆ ಬಾಗಿಲನ್ನು ಇನ್ನಷ್ಟು ಹೊತ್ತು ತೆರೆದೇ ಹಿಡಿಯುತ್ತದೆ. 2003ರಲ್ಲಿ, ಓವರ್‌ಟನ್‌ರ ಅದೇ ಜ್ಯೂರಿಕ್‌ನ ಸಂಶೋಧಕರು ಇಲಿಗಳಲ್ಲಿ ಈ ಬಾಗಿಲಿನ ಒಂದೇ ಒಂದು ಅಮೈನೋ ಆಮ್ಲ ಬದಲಾಯಿಸಿದರು. ಆ ಇಲಿಗಳಿಗೆ ಮಾಮೂಲಿ ಪ್ರಮಾಣದ ಪ್ರೊಪೊಫಾಲ್ ಸರಿಯಾಗಿ ನಾಟಲಿಲ್ಲ. ಇಟ್ಟಿಗೆ ಗೋಡೆಯಲ್ಲಿ ಒಂದು ಇಟ್ಟಿಗೆ ಬದಲಿಸಿದ್ದಕ್ಕೆ ಮನೆಯವರ ನಿದ್ದೆಯೇ ಬದಲಾದಂತೆ.

ಹೃದಯದ ಗಂಟು ಮಿಡಿಯುವುದು ಗಾಬಾ ಬಾಗಿಲಿನ ಭರವಸೆಯ ಮೇಲಲ್ಲ. ಮಿದುಳು ಮಲಗಿದಾಗಲೂ ಅದು ಎದ್ದೇ ಇರುತ್ತದೆ. ಹಾಗೆಂದು ಹೃದಯಕ್ಕೆ ಏನೂ ಆಗುವುದಿಲ್ಲ ಎಂದು ನಾನು ಹೇಳಲಿಲ್ಲ. ರಕ್ತದೊತ್ತಡ ಇಳಿಯುತ್ತದೆ, ಮಿಡಿತ ತುಸು ಮಂಕಾಗಬಹುದು. ಅರಿವಳಿಕೆ ತಜ್ಞರು ತಲೆಯ ಬಳಿ ಕೂತು ಕಣ್ಣು ಮಿಟುಕಿಸದೆ ಪರದೆ ನೋಡುವುದು ಅದಕ್ಕೇ. ನಮ್ಮ ಹಿರಿಯರಂಥವರಿಗೆ ಸ್ಥಳೀಯ ಇಂಜೆಕ್ಷನ್ನೇ ಸಾಕು ಎಂದು ಡಾಕ್ಟರು ನಿರ್ಧರಿಸುವುದಕ್ಕೂ ಇದು ಒಂದು ಕಾರಣ.

ಎಣ್ಣೆಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಸಿಸೇರಿಯನ್‌ಗೆ ಬೆನ್ನಿಗೆ ಕೊಡುವ ಇಂಜೆಕ್ಷನ್ನಿನ ಬ್ಯುಪಿವಕೇನ್ ಲಿಗ್ನೋಕೇನಿನ ದಾಯಾದಿ. ಬೆನ್ನಿಗೆ ಬೇಕಾದದ್ದು ಬಲು ಸ್ವಲ್ಪ, ಹೃದಯಕ್ಕೆ ವಿಷವಾಗುವಷ್ಟಲ್ಲ. ಬೇರೆ ಕಡೆ ದೊಡ್ಡ ಪ್ರಮಾಣದಲ್ಲಿ ಚುಚ್ಚುವಾಗ ಅಕಸ್ಮಾತ್ ರಕ್ತನಾಳ ಸೇರಿದರೆ ಮಾತ್ರ ಹೃದಯ ನಿಂತುಹೋಗಬಹುದು. ಲಿಗ್ನೋಕೇನ್ ಹೃದಯದ ಬಾಗಿಲಿಗೆ ಬಡಬಡನೆ ಗೂಟ ಜಡಿದು ಬಡಬಡನೆ ಕೀಳುತ್ತದೆ. ಬ್ಯುಪಿವಕೇನ್ ಜಡಿಯುವುದು ಬೇಗ, ಕೀಳುವುದು ನಿಧಾನ. ಅಷ್ಟರಲ್ಲಿ ಮುಂದಿನ ಮಿಡಿತ ಬಂದುಬಿಟ್ಟಿರುತ್ತದೆ. 1979ರಲ್ಲಿ ವೈದ್ಯ ಜಾರ್ಜ್ ಆಲ್‌ಬ್ರೈಟ್ ಈ ಬಗ್ಗೆ ಎಚ್ಚರಿಸಿ ಬರೆದಾಗ ಅದಕ್ಕೆ ಮದ್ದಿರಲಿಲ್ಲ. 1998ರಲ್ಲಿ ಗೈ ವೈನ್‌ಬರ್ಗ್ ಇಲಿಗಳಿಗೆ ಸೋಯಾ ಎಣ್ಣೆಯ ಬಿಳಿ ದ್ರಾವಣ ಕೊಟ್ಟು ಬದುಕಿಸಿದರು. ಉಣ್ಣಲಾಗದ ರೋಗಿಗಳಿಗೆ ರಕ್ತನಾಳದ ಮೂಲಕ ಆಹಾರವಾಗಿ ಕೊಡುವ ಎಣ್ಣೆ ಅದು. 2006ರಲ್ಲಿ ಮೊದಲ ಬಾರಿಗೆ ಮನುಷ್ಯರೊಬ್ಬರ ನಿಂತ ಹೃದಯ ಹೀಗೆ ಮರಳಿದ್ದು ವರದಿಯಾಯಿತು. ಜಿಡ್ಡನ್ನು ಮೆಚ್ಚುವ ಔಷಧವನ್ನು ಎಣ್ಣೆ ತನ್ನತ್ತ ಎಳೆದುಕೊಂಡು ಹೃದಯದಿಂದ ಬಿಡಿಸುತ್ತದೆ.

ಅತಿಯಾಸೆಯ ಒಂದು ಪ್ರಸಂಗವನ್ನೂ ಹೇಳಬೇಕು. ಐಸೋಫ್ಲುರೇನ್‌ನಂಥ ಅನಿಲಗಳು ಹೃದಯಕೋಶದ ಕೆಲವು ಪೊಟ್ಯಾಸಿಯಂ ಬಾಗಿಲುಗಳ ಮೂಲಕ ಅದನ್ನು ಪೆಟ್ಟಿಗೆ ಮೊದಲೇ ಹದಗೊಳಿಸುತ್ತವೆ ಎಂದು 1990ರ ದಶಕದಲ್ಲಿ ಪ್ರಾಣಿಗಳಲ್ಲಿ ಕಂಡಿತು. ಹಾಗಾದರೆ ಬೈಪಾಸ್ ಆಪರೇಷನ್ನಿಗೆ ಅನಿಲವೇ ಕೊಡಿ, ಹೆಚ್ಚು ಜನ ಬದುಕುತ್ತಾರೆ ಎಂಬ ವಾದ ಜೋರಾಯಿತು. 5,400 ರೋಗಿಗಳ ಮೇಲೆ 13 ದೇಶಗಳಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2019ರಲ್ಲಿ ಬಂತು. ಒಂದು ವರ್ಷದೊಳಗಿನ ಸಾವು ಅನಿಲ ಪಡೆದವರಲ್ಲಿ ಶೇ. 2.8, ರಕ್ತನಾಳದ ಔಷಧ ಪಡೆದವರಲ್ಲಿ ಶೇ. 3.0. ವ್ಯತ್ಯಾಸ ಇಲ್ಲವೆಂದೇ ಲೆಕ್ಕ. ಪ್ರಯೋಗಾಲಯದ ಬಾಗಿಲಿನಲ್ಲಿ ಕಂಡದ್ದೆಲ್ಲ ವಾರ್ಡಿನ ಮಂಚದವರೆಗೆ ಬರುವುದಿಲ್ಲ. ಹೃದಯದ ಹೆಸರಲ್ಲಿ ಪವಾಡದ ಸುದ್ದಿ ಬಂದಾಗಲೆಲ್ಲ ನಾನು ಮೊದಲು ಕೇಳುವುದು ಎಷ್ಟು ಮನುಷ್ಯರಲ್ಲಿ ನೋಡಿದ್ದಾರೆ ಎಂದು.

ಪೇಸ್‌ಮೇಕರ್ ಹಾಕಿಸಿಕೊಂಡು ಬಂದ ಮೇಲೆ ಅವರನ್ನು ನೋಡಲು ಹೋದೆ. "ಮೊದ್ಲು ಉರಿ ಉರಿ ಚುಚ್ಚಿದ್ರು. ಆಮೇಲೆ ಒತ್ತೋದು ಗೊತ್ತಾಗ್ತಿತ್ತು, ಎಳೆಯೋದು ಗೊತ್ತಾಗ್ತಿತ್ತು, ನೋವು ಮಾತ್ರ ಇಲ್ಲ. ಡಾಕ್ಟ್ರು ಸಿಸ್ಟರ್ ಹತ್ರ ದಾರ ಕೇಳಿದ್ದೂ ಕೇಳಿಸ್ತು" ಎಂದರು. ಉರಿ ಬಂದದ್ದು ಔಷಧ ತುಸು ಹುಳಿಯಾಗಿರುವುದರಿಂದ. ಒತ್ತಿದ್ದು ಗೊತ್ತಾಗಿ ನೋವು ಗೊತ್ತಾಗದ್ದು ಯಾಕೆಂದರೆ, ನೋವು ಹೊರುವ ತೆಳು ತಂತುಗಳು ಬೇಗ ಸೋಲುತ್ತವೆ, ಸ್ಪರ್ಶ ಮತ್ತು ಒತ್ತಡ ಹೊರುವ ದಪ್ಪ ತಂತುಗಳು ತಡವಾಗಿ. ಎಡಗೈ ಕೆಲವು ವಾರ ಭುಜಕ್ಕಿಂತ ಮೇಲೆ ಎತ್ತಬಾರದು, ತಂತಿ ಜಾಗ ಬಿಡಬಹುದು. ಮೆಣಸಿನ ಏಣಿ ಈ ವರ್ಷ ಮಗನ ಪಾಲು. ಕಳೆ ಹೊಡೆಯುವ ಪೆಟ್ರೋಲ್ ಮಿಷನ್ನನ್ನೂ ಎದೆಗೆ ತಾಗುವಂತೆ ಹಿಡಿಯಬಾರದು.

ಅವರು ಅಂಗಿ ಜೇಬಿನಿಂದ ಪೇಸ್‌ಮೇಕರ್ ಕಾರ್ಡು ತೆಗೆದು ತೋರಿಸಿದರು. ಯಂತ್ರದ ಕಂಪನಿ, ಮಾದರಿ, ಹಾಕಿದ ದಿನಾಂಕ ಎಲ್ಲ ಅದರಲ್ಲಿದೆ. ಅವರಿಗೆ ಬಹುಕಾಲದಿಂದ ಮುಂದೂಡಿದ ಒಂದು ಹರ್ನಿಯಾ ಆಪರೇಷನ್ ಬಾಕಿ ಇದೆ. ಆಗ ರಕ್ತ ಸೋರದಂತೆ ಸುಡುವ ಉಪಕರಣದ ಕಿಡಿಯನ್ನು ಪೇಸ್‌ಮೇಕರ್ ಹೃದಯದ ಮಿಡಿತವೆಂದು ತಪ್ಪು ತಿಳಿದು ಸುಮ್ಮನಾಗಬಹುದು. ಅಂಥ ಸಂದರ್ಭಕ್ಕೆ ಅರಿವಳಿಕೆ ತಜ್ಞರ ಬಳಿ ಒಂದು ಅಯಸ್ಕಾಂತದ ಬಳೆ ಇರುತ್ತದೆ. ಚರ್ಮದ ಮೇಲೆ ಇಟ್ಟರೆ ಸಾಮಾನ್ಯವಾಗಿ ಯಂತ್ರ ಹೊರಗಿನ ಗದ್ದಲಕ್ಕೆ ಕಿವಿಗೊಡದೆ ಒಂದೇ ಸಮ ಮಿಡಿಯತೊಡಗುತ್ತದೆ. ಹಾಗಾಗಿ ಯಾವ ಆಸ್ಪತ್ರೆಗೆ ಹೋದರೂ ಈ ಕಾರ್ಡನ್ನು ಆಧಾರ್ ಕಾರ್ಡಿಗಿಂತ ಮೊದಲು ತೋರಿಸಿ ಎಂದೆ. ಅವರು ಕಾರ್ಡನ್ನು ಮತ್ತೆ ಪ್ಲಾಸ್ಟಿಕ್ ಕವರಿಗೆ ಹಾಕಿ, ಮಳೆಗಾಲದಲ್ಲಿ ನೆನೆಯಬಾರದು ಎಂದು ಬಾಯಿಗೆ ರಬ್ಬರ್ ಬ್ಯಾಂಡ್ ಸುತ್ತಿದರು.