ಕರೆಂಟ್ ಹೋದರೂ ಕಾಯುವ ಕಾಗದ

ಜೂನ್ ಬಂತೆಂದರೆ ಜೋಯಿಡಾ ಕಡೆ ಮರ ಬೀಳುತ್ತದೆ, ತಂತಿ ಹರಿಯುತ್ತದೆ, ಕರೆಂಟ್ ಹೋಗುತ್ತದೆ. ಕಾಡಿನೊಳಗಿನ ಹಳ್ಳಿಗಳಲ್ಲಿ ಅದು ಮರಳಲು ದಿನಗಳೇ ಹಿಡಿಯುತ್ತವೆ. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಇರುವುದು ಇದೇ ತಾಲ್ಲೂಕಿನಲ್ಲಿ. ಕಾಳಿ ನದಿಯ ನೀರು ದೂರದ ಊರುಗಳ ದೀಪ ಬೆಳಗಿಸುವಾಗ ದಂಡೆಯ ಮನೆಗಳು ಕತ್ತಲಲ್ಲಿ ಕಾಯುತ್ತವೆ. ಇಂಥ ಕಡೆ ಸ್ವಂತ ಇಮೇಲ್ ಸರ್ವರ್ ಇಡುವ ಮಾತೆತ್ತಿದರೆ ಯಾರಾದರೂ ಕೇಳುವ ಮೊದಲ ಪ್ರಶ್ನೆ ಒಂದೇ: ‘ಕರೆಂಟ್ ಇಲ್ಲದಾಗ ಬಂದ ಪತ್ರ ಏನಾಗುತ್ತದೆ?’

ಏನೂ ಆಗುವುದಿಲ್ಲ, ಕಾಯುತ್ತದೆ. ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಾವಳಿಯನ್ನು ಜಾನ್ ಪೋಸ್ಟೆಲ್ 1982ರಲ್ಲಿ ಬರೆದಾಗ ಕಂಪ್ಯೂಟರ್‌ಗಳು ಆಗಾಗ ಕೈಕೊಡುವುದು ಮಾಮೂಲಿಯಾಗಿತ್ತು. ಹಾಗಾಗಿ ಪತ್ರ ಕಳಿಸಿದ ಸರ್ವರ್, ಬಾಗಿಲು ಮುಚ್ಚಿದ್ದರೆ ಪತ್ರವನ್ನು ತನ್ನಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ಬಂದು ತಟ್ಟುತ್ತದೆ. ನಾಲ್ಕೈದು ದಿನವಾದರೂ ಪ್ರಯತ್ನ ಬಿಡಬಾರದು ಎಂದು 2008ರ ಪರಿಷ್ಕೃತ ನಿಯಮ ಹೇಳುತ್ತದೆ. ಹಳ್ಳ ತುಂಬಿ ಹರಿಯುವಾಗ ಆಚೆ ದಡದಲ್ಲಿ ನಿಂತು ನೀರು ಇಳಿಯಲೆಂದು ಕಾಯುವ ಟಪಾಲಿನವನ ತಾಳ್ಮೆ ಅದು. ಇಂದಿನ ಎಷ್ಟೋ ತಂತ್ರಜ್ಞಾನಗಳು ಸದಾ ಕರೆಂಟ್, ಸದಾ ನೆಟ್‌ವರ್ಕ್ ಇರುವ ನಗರವನ್ನೇ ಕಣ್ಣಮುಂದಿಟ್ಟುಕೊಂಡು ಹುಟ್ಟಿದವು. ಇಮೇಲ್ ಮಾತ್ರ ನಮ್ಮ ಮಳೆಗಾಲಕ್ಕೆ ಹೇಳಿ ಮಾಡಿಸಿದಂತಿದೆ.

ನಿಜವಾದ ತೊಡಕು ಇರುವುದು ವಿಳಾಸದಲ್ಲಿ. ದಾಂಡೇಲಿಗೆ 581325, ಹಳಿಯಾಳಕ್ಕೆ 581329, ಜೋಯಿಡಾಕ್ಕೆ 581186, ಹೀಗೆ ಊರೂರಿಗೆ ಪಿನ್ ಕೋಡ್ ಇದೆ. ಮುಂಡಗೋಡಿನ ಟಿಬೆಟನ್ ಕಾಲೊನಿಗಂತೂ ತನ್ನದೇ ಆದ 581411 ಇದೆ. ಇಂಟರ್ನೆಟ್‌ನಲ್ಲಿ ಆ ಕೆಲಸ ಮಾಡುವುದು ಐಪಿ ಅಡ್ರೆಸ್. ಆದರೆ ಮನೆಯ ಸಂಪರ್ಕಕ್ಕೆ ಸಿಗುವ ಅಡ್ರೆಸ್ ಇಂದು ಒಂದು, ನಾಳೆ ಇನ್ನೊಂದು. ಎಷ್ಟೋ ಕಡೆ ನೂರಾರು ಮನೆಗೆ ಸೇರಿ ಒಂದೇ ಅಡ್ರೆಸ್; ದೊಡ್ಡ ವಠಾರಕ್ಕೆಲ್ಲ ಒಂದೇ ಬಾಗಿಲ ಸಂಖ್ಯೆ ಇದ್ದ ಹಾಗೆ. ಹೊರಗಿನ ಪತ್ರಕ್ಕೆ ಯಾವ ಮನೆ ಎಂದೇ ತಿಳಿಯುವುದಿಲ್ಲ. ಹೆಚ್ಚು ಹಣ ಕೊಟ್ಟು ಸ್ಥಿರ ಅಡ್ರೆಸ್ ಕೇಳಬೇಕು. ಜೊತೆಗೆ ಸರ್ವರ್‌ಗಳು ಪರಸ್ಪರ ಪತ್ರ ಕೊಟ್ಟು ತೆಗೆದುಕೊಳ್ಳುವ 25ನೇ ಪೋರ್ಟ್ ತೆರೆದಿದೆಯೇ ಎಂದು ವಿಚಾರಿಸಬೇಕು.

ಇಷ್ಟಾದರೂ ಬರುವ ಪತ್ರ ಬಂದೀತು, ಹೋಗುವ ಪತ್ರವನ್ನು ಜಗತ್ತು ನಂಬುವುದಿಲ್ಲ. 1978ರ ಮೇ ತಿಂಗಳಲ್ಲಿ ಗ್ಯಾರಿ ಥರ್ಕ್ ಎಂಬ ಕಂಪ್ಯೂಟರ್ ಮಾರಾಟಗಾರ ಸುಮಾರು 400 ಜನರಿಗೆ ಒಮ್ಮೆಲೇ ಜಾಹೀರಾತು ಕಳಿಸಿದ. ಮೊದಲ ಸ್ಪ್ಯಾಮ್ ಎಂದು ಲೋಕ ನೆನಪಿಟ್ಟಿರುವುದು ಅದನ್ನೇ. ಆ ಕಾಟ ಬೆಳೆದು ಈಗ ಮನೆಯ ಸಂಪರ್ಕದಿಂದ ಬಂದ ಪತ್ರವೆಂದರೆ ದೊಡ್ಡ ಸರ್ವರ್‌ಗಳು ಬಾಗಿಲಲ್ಲೇ ತಡೆಯುತ್ತವೆ. ಡೊಮೈನ್ ದಾಖಲೆಯಲ್ಲಿ ಮೂರು ಗುರುತು ಬರೆಸಲೇಬೇಕು. ನಮ್ಮ ಪರವಾಗಿ ಯಾರು ಪತ್ರ ಕಳಿಸಬಹುದೆಂಬುದಕ್ಕೆ ಎಸ್‌ಪಿಎಫ್, ಪತ್ರದ ಮೇಲಿನ ಮುದ್ರೆಗೆ ಡಿಕಿಮ್, ಗುರುತು ತಾಳೆಯಾಗದಿದ್ದರೆ ಏನು ಮಾಡಬೇಕೆಂಬುದಕ್ಕೆ ಡಿಮಾರ್ಕ್. ಐಪಿ ಅಡ್ರೆಸ್‌ನಿಂದ ಹಿಮ್ಮುಖವಾಗಿ ಹುಡುಕಿದಾಗಲೂ ನಮ್ಮದೇ ಹೆಸರು ಸಿಗಬೇಕು. ಅದನ್ನು ಬರೆಯುವ ಅಧಿಕಾರ ಮಾತ್ರ ಸಂಪರ್ಕ ಕೊಟ್ಟ ಕಂಪನಿಯದು.

ಈ ಜಗ್ಗಾಟದಲ್ಲಿ ಸೋಲಬೇಕಿಲ್ಲ. ನನ್ನ ಸಲಹೆ ಇಷ್ಟೇ: ಪತ್ರಗಳು ಬಂದು ಉಳಿಯುವುದು ಮನೆಯಲ್ಲಿ, ಹೊರಡುವುದು ಬಾಡಿಗೆ ದಾರಿಯಲ್ಲಿ. ಹೊರಹೋಗುವ ಪತ್ರವನ್ನು ನಂಬಿಕಸ್ಥ ರಿಲೇ ಸೇವೆಗೆ ಒಪ್ಪಿಸಬಹುದು. ಸ್ಥಿರ ಅಡ್ರೆಸ್ ಸಿಗದವರು ಚಿಕ್ಕದೊಂದು ಬಾಡಿಗೆ ಸರ್ವರ್ ಹಿಡಿದು, ಅಲ್ಲಿಂದ ಮನೆಗೆ ವೈರ್‌ಗಾರ್ಡ್ ಸುರಂಗ ಹಾಕಿಕೊಳ್ಳಬಹುದು. ಮನೆಯ ಕಡೆ ರಾಸ್ಪ್‌ಬೆರಿ ಪೈನಂಥ ಅಂಗೈ ಅಗಲದ ಕಂಪ್ಯೂಟರ್ ಸಾಕು. ಪತ್ರ ಸಾಗಿಸಲು ಪೋಸ್ಟ್‌ಫಿಕ್ಸ್, ಪೆಟ್ಟಿಗೆ ಕಾಯಲು ಡವ್‌ಕಾಟ್. ಎರಡೂ ಮುಕ್ತ ತಂತ್ರಾಂಶ, ಕಾಸು ಕೇಳುವುದಿಲ್ಲ. ಗುಡುಗು ಶುರುವಾದರೆ ರೌಟರ್‌ನ ಪ್ಲಗ್ ಕಿತ್ತಿಡಿ, ಪತ್ರಗಳು ಕಾಯುತ್ತವೆ. ಸಿಡಿಲು ಮತ್ತು ಥಂಡಿ ಡಿಸ್ಕನ್ನು ಉಳಿಸುವುದಿಲ್ಲ, ಆದ್ದರಿಂದ ಎರಡನೇ ಪ್ರತಿ ಇನ್ನೊಂದು ಊರಿನಲ್ಲಿರಲಿ. ಹಳಿಯಾಳದ ಅಕ್ಕನ ಮನೆಯಾದರೂ ಆದೀತು.

ಇಷ್ಟು ಶ್ರಮ ಯಾಕೆ? ಉತ್ತರ ಹುಡುಕಲು ಮುಂಡಗೋಡಿಗೆ ಹೋಗಬೇಕು. 1966ರಲ್ಲಿ ಇಲ್ಲಿ ಟಿಬೆಟನ್ನರ ನೆಲೆ ಆರಂಭವಾಯಿತು. ಡ್ರೆಪುಂಗ್, ಗಾಂದೆನ್ ಮಠಗಳು ಮರುಹುಟ್ಟು ಪಡೆದವು. ಬಂಧುಗಳು ದೇಶದೇಶಗಳಲ್ಲಿ ಚದುರಿಹೋದ ಸಮುದಾಯಕ್ಕೆ ಪತ್ರವೆಂದರೆ ಜೀವದ ಎಳೆ. ಆ ಎಳೆಗೇ ಕೈಹಾಕಿದ ಕಥೆ 2009ರ ಮಾರ್ಚ್‌ನಲ್ಲಿ ಹೊರಬಂತು. ಧರ್ಮಶಾಲಾದ ದಲೈ ಲಾಮಾ ಕಚೇರಿಯ ಕಂಪ್ಯೂಟರ್‌ಗಳಿಂದ ಶುರುವಾದ ತನಿಖೆಯಲ್ಲಿ ಟೊರೊಂಟೊದ ಸಂಶೋಧಕರು 103 ದೇಶಗಳ 1,295 ಕಂಪ್ಯೂಟರ್‌ಗಳಿಗೆ ಹಬ್ಬಿದ್ದ ಬೇಹುಜಾಲವನ್ನು ಪತ್ತೆಮಾಡಿ, ಅದಕ್ಕೆ ಘೋಸ್ಟ್‌ನೆಟ್ ಎಂದು ಹೆಸರಿಟ್ಟರು. ಶಿಶಿರ್ ನಾಗರಾಜ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯದ ರಾಸ್ ಆಂಡರ್ಸನ್ ಅದೇ ತಿಂಗಳು ಪ್ರಕಟಿಸಿದ ವರದಿ ಇನ್ನೂ ನೋವಿನದು. ಪರಿಚಿತರ, ತಮ್ಮವರದೇ ಹೆಸರು ಹೊತ್ತು ಬಂದ ಪತ್ರಗಳ ಲಗತ್ತಿನಲ್ಲಿ ವಿಷವಿತ್ತು. ನಂಬಿದ್ದೇ ತಪ್ಪಾಯಿತು.

ಸ್ವಂತ ಸರ್ವರ್ ಇದ್ದಿದ್ದರೆ ಅದು ತಪ್ಪುತ್ತಿತ್ತೆಂದು ನಾನು ಹೇಳಲಾರೆ. ಬೀಗ ಹಳೆಯದಾಗಿದ್ದರೆ ಸ್ವಂತ ಮನೆಗೂ ಕಳ್ಳ ನುಗ್ಗುತ್ತಾನೆ. ತಂತ್ರಾಂಶವನ್ನು ವಾರವಾರವೂ ನವೀಕರಿಸದೆ ಬಿಡುವವರು ಈ ಕೆಲಸಕ್ಕೆ ಕೈಹಾಕಲೇಬಾರದು. ಆದರೆ ತನ್ನ ಪತ್ರ ಎಲ್ಲಿದೆ, ಬೀಗದ ಕೈ ಯಾರ ಬಳಿ ಇದೆ ಎಂದು ತಿಳಿದಿರುವುದು ದೊಡ್ಡ ವಿಷಯ.

ಇನ್ನೊಂದು ಆಸೆಯೂ ನನಗಿದೆ. 2012ರ ನಿಯಮದ ಪ್ರಕಾರ ಇಮೇಲ್ ವಿಳಾಸವನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು, ಡೊಮೈನ್‌ಗೆ ‘.ಭಾರತ’ ಇದೆ. ಪೋಸ್ಟ್‌ಫಿಕ್ಸ್ 2015ರಿಂದ ಇಂಥ ವಿಳಾಸಗಳನ್ನು ಸಾಗಿಸಬಲ್ಲದು. ಎಲ್ಲ ಸರ್ವರ್‌ಗಳೂ ಇನ್ನೂ ಒಪ್ಪುವುದಿಲ್ಲವಾದ್ದರಿಂದ ಇಂಗ್ಲಿಷ್ ಅಕ್ಷರದ ಜೋಡಿ ವಿಳಾಸವೂ ಬೇಕು. ಆದರೂ ಅಜ್ಜಿಯ ಹೆಸರನ್ನು ಅಜ್ಜಿ ಓದಬಲ್ಲ ಅಕ್ಷರದಲ್ಲಿ ಬರೆಯುವ ಸ್ವಾತಂತ್ರ್ಯ ಸ್ವಂತ ಪೆಟ್ಟಿಗೆ ಇಟ್ಟವರಿಗೆ ಇವತ್ತೇ ಸಿಗುತ್ತದೆ.

ಎಲ್ಲ ಮುಗಿದ ಮೇಲೆ ಮನೆಮಂದಿಯ ಹೆಸರಿನವಕ್ಕಿಂತ ಮೊದಲು ತೆರೆಯಬೇಕಾದ ಪೆಟ್ಟಿಗೆಯೊಂದಿದೆ: ಪೋಸ್ಟ್‌ಮಾಸ್ಟರ್. ಪತ್ರ ಸ್ವೀಕರಿಸುವ ಪ್ರತಿ ಡೊಮೈನ್‌ನಲ್ಲೂ ಆ ವಿಳಾಸ ಇರಲೇಬೇಕೆಂಬುದು ನಿಯಮ. ಜೋಯಿಡಾದ ಮನೆಯ ಅಟ್ಟದ ಮೇಲಿನ ಪುಟ್ಟ ಕಂಪ್ಯೂಟರ್‌ಗೂ ಅದು ಅನ್ವಯಿಸುತ್ತದೆ. ಅಲ್ಲಿಗೆ ಬಂದ ದೂರಿಗೆ ಮನೆಯವರೇ ಉತ್ತರ ಬರೆಯಬೇಕು.