ನೇಗಿಲಿಲ್ಲದ ಊರಿನಲ್ಲಿ ಯುಗಾದಿ

ನಮ್ಮ ಹಬ್ಬಗಳಲ್ಲಿ ಹೆಚ್ಚಿನವು ಮನೆಯೊಳಗೆ, ದೇವರ ಪೀಠದ ಮುಂದೆ ನಡೆಯತಕ್ಕವು. ಯುಗಾದಿಯ ರೀತಿ ಬೇರೆ. ಅದರ ಅರ್ಧಕ್ಕಿಂತ ಹೆಚ್ಚಿನ ಭಾಗ ಹೊಸ್ತಿಲಿನ ಆಚೆಗಿದೆ. ಹೊಲದಲ್ಲಿ, ಮರದ ಮೇಲೆ, ಆಕಾಶದಲ್ಲಿ. ಆದುದರಿಂದ ಹೊಲಗಳು ನಿವೇಶನಗಳಾಗಿ, ಆಕಾಶವು ಮಹಡಿಗಳ ಹಿಂದೆ ಮರೆಯಾಗಿರುವ ಬೆಂಗಳೂರಿನ ಉತ್ತರ ಭಾಗದಲ್ಲಿ ಈ ಹಬ್ಬದ ಪಾಡು ಏನಾಗಿದೆ ಎಂಬುದು ವಿಚಾರ ಮಾಡತಕ್ಕ ಸಂಗತಿ. ಎಣ್ಣೆಸ್ನಾನ, ಮಾವಿನ ತೋರಣ, ಹೊಸಬಟ್ಟೆ, ಒಬ್ಬಟ್ಟು ಇವುಗಳಿಗೆ ಯಾವ ಕೊರತೆಯೂ ಬಂದಿಲ್ಲ. ವಾಚಕರ ಮನೆಗಳಲ್ಲಿ ಅವು ಹೇಗೆ ನಡೆಯುತ್ತವೆ ಎಂಬುದನ್ನು ನಾನು ವರ್ಣಿಸಬೇಕಾದುದೂ ಇಲ್ಲ. ಬೀದಿಗೆ ಇಳಿದಾಗಲೇ ಪ್ರಶ್ನೆ ಏಳುವುದು.

ಇದು ನಿನ್ನೆ ಮೊನ್ನೆಯ ನೆಲವಲ್ಲ. ಯಲಹಂಕವು ಕೆಂಪೇಗೌಡರ ವಂಶದ ನಾಡಪ್ರಭುಗಳ ಸ್ಥಾನ. ಹೆಬ್ಬಾಳವು ಅದಕ್ಕೂ ಹಿಂದಿನದು. 2018ರಲ್ಲಿ ಅಲ್ಲಿ ಚರಂಡಿಗಾಗಿ ಅಗೆಯುತ್ತಿದ್ದಾಗ ದೊರೆತ ಕಿತ್ತಯ್ಯನ ವೀರಗಲ್ಲು ಕ್ರಿ.ಶ. 750ರ ಸುಮಾರಿನದೆಂದು, ಗಂಗರ ಶ್ರೀಪುರುಷನ ಆಳ್ವಿಕೆಯದೆಂದು ವಿದ್ವಾಂಸರು ಗೊತ್ತುಮಾಡಿದ್ದಾರೆ. ನಮ್ಮ ತಾತಂದಿರ ಕಾಲದವರೆಗೂ ಇದು ರಾಗಿಯ ಸೀಮೆ, ಕೆರೆಯ ಸೀಮೆ. ಹೆಬ್ಬಾಳ, ಜಕ್ಕೂರು, ರಾಚೇನಹಳ್ಳಿ, ಅಲ್ಲಾಳಸಂದ್ರ, ಯಲಹಂಕ ಎಂದು ಊರಿಗೊಂದು ಕೆರೆ. ಚೈತ್ರ ಬರುವ ಹೊತ್ತಿಗೆ ಕೆರೆಯ ನೀರು ತಳ ಕಂಡು, ಅಂಗಳದ ಗೋಡು ಗಾಡಿಗಳಲ್ಲಿ ಹೊಲಕ್ಕೆ ಹೋಗುತ್ತಿತ್ತು. ಯುಗಾದಿ ಎಂಬುದು ಇಂಥ ಬಿಡುವಿನ ಹಬ್ಬ: ಹಿಂದಿನ ಬೆಳೆ ಕಣಜ ಸೇರಿದೆ, ಮುಂದಿನ ಮಳೆ ಇನ್ನೂ ಬಂದಿಲ್ಲ.

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಆ ಬಿಡುವನ್ನು ಮುರಿಯುವ ಶಾಸ್ತ್ರವೊಂದುಂಟು. ಅದಕ್ಕೆ ಹೊನ್ನಾರು ಎಂದು ಹೆಸರು. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ನೇಗಿಲಿಗೆ ಪೂಜೆ ಮಾಡಿ, ವರ್ಷದ ಮೊದಲ ಸಾಲನ್ನು ಎಳೆಯುವುದು. ಮೊದಲ ನೇಗಿಲನ್ನು ಯಾರು ಹಿಡಿಯಬೇಕು ಎಂಬುದನ್ನು ಪಂಚಾಂಗ ನೋಡಿ, ಯಾರ ಹೆಸರಿಗೆ ಬಲವಿದೆಯೆಂದು ತಿಳಿದು ನಿರ್ಧರಿಸುವುದುಂಟು. ಸಿರಿವಂತನೇ ಆಗಲಿ ಬಡವನೇ ಆಗಲಿ, ಆ ದಿನ ಊರಿನ ಎತ್ತುಗಳೆಲ್ಲ ಅವನ ಹಿಂದೆ. ಹೊಲವೇ ಇಲ್ಲದ ಬಡಾವಣೆಯಲ್ಲಿ ಈ ಶಾಸ್ತ್ರ ಉಳಿಯುವುದೆಂತು? ಉಳಿದಿಲ್ಲ. ಇದಕ್ಕೆ ಬದಲಾಗಿ ಮನೆಯ ಮುಂದಿನ ಮೋಟಾರು ಬಂಡಿಗೆ ಅರಿಸಿನ ಕುಂಕುಮ ಹಚ್ಚಿದರೆ ಸಾಲದೇ ಎನ್ನುವವರಿದ್ದಾರೆ. ಸಾಲದೆಂದೇ ನನ್ನ ಎಣಿಕೆ. ಬಂಡಿ ಒಬ್ಬರದು, ಹೊನ್ನಾರಿನ ಸಾಲು ಊರಿನದು.

ಪಂಚಾಂಗ ಶ್ರವಣ ಮಾತ್ರ ಗಟ್ಟಿಯಾಗಿ ನಿಂತಿದೆ. ಯಲಹಂಕದ ಹಳೆಯ ಪೇಟೆಯಲ್ಲಾಗಲಿ, ರವೀಂದ್ರನಾಥ ಠಾಕೂರರ ಹೆಸರು ಹೊತ್ತ ಆರ್.ಟಿ. ನಗರದಲ್ಲಾಗಲಿ, ಸಂಜೆ ದೇವಸ್ಥಾನದಲ್ಲಿ ಕುಳಿತರೆ ವರ್ಷದ ರಾಜ ಯಾರು, ಮಂತ್ರಿ ಯಾರು, ಮೇಘಾಧಿಪತಿ ಯಾರು, ಸಸ್ಯಾಧಿಪತಿ ಯಾರು ಎಂದು ಪುರೋಹಿತರು ಓದುವುದನ್ನು ಕೇಳಬಹುದು. ಇದರಲ್ಲಿ ಗುಟ್ಟೇನೂ ಇಲ್ಲ. ಚೈತ್ರ ಶುದ್ಧ ಪಾಡ್ಯ ಯಾವ ವಾರ ಬೀಳುವುದೋ ಆ ವಾರದ ಗ್ರಹವೇ ರಾಜ. ಮೇಷ ಸಂಕ್ರಮಣದ ವಾರದವನು ಮಂತ್ರಿ. 2025ರ ಯುಗಾದಿ ಭಾನುವಾರ, ಆದುದರಿಂದ ವಿಶ್ವಾವಸು ಸಂವತ್ಸರಕ್ಕೆ ಸೂರ್ಯನೇ ದೊರೆ. 2026ರ ಯುಗಾದಿ ಗುರುವಾರ, ಪರಾಭವ ಸಂವತ್ಸರಕ್ಕೆ ಗುರು. ಸಂವತ್ಸರದ ಹೆಸರು ಅರುವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ, 1966ರ ಪರಾಭವದಲ್ಲಿ ಹುಟ್ಟಿದವರಿಗೆ ಅದು ಷಷ್ಟಿಪೂರ್ತಿಯ ವರ್ಷವೂ ಆಯಿತು.

ರಾಜ ಮಂತ್ರಿಗಳ ಫಲವನ್ನು ನಂಬುವುದೂ ಬಿಡುವುದೂ ಅವರವರಿಗೆ ಸೇರಿದ್ದು. ಆದರೆ ಅದರ ಜೊತೆಗೆ ಓದುವ ಮಳೆಯ ಲೆಕ್ಕ ಬೇರೆಯ ಮಾತು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುವನಷ್ಟೆ. ಅಷ್ಟು ದಿನದ ಮಳೆಗೆ ಆ ನಕ್ಷತ್ರದ ಹೆಸರು. ಏಪ್ರಿಲ್ ನಡುವಿನಿಂದ ಅಶ್ವಿನಿ, ಆಮೇಲೆ ಭರಣಿ, ಕೃತ್ತಿಕೆ, ರೋಹಿಣಿ. ಭರಣಿ ಮಳೆಯ ಗಾದೆಯನ್ನು ಅರಿಯದ ಒಕ್ಕಲಿಗನಿಲ್ಲ. ಅದು ಬರೆದಿಟ್ಟ ಭವಿಷ್ಯವಲ್ಲ, ಬೇಸಾಯದ ದಿನಚರಿ. 1964ರಲ್ಲಿ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಮಳೆಯನ್ನು ಅಳೆಯುವ ಬಗೆ ಬದಲಾಯಿತು, ಬಿತ್ತನೆಯ ಬೀಜ ಬದಲಾಯಿತು. ರೈತರ ಬಾಯಲ್ಲಿ ಮಳೆಯ ಹೆಸರುಗಳು ಬದಲಾಗಲಿಲ್ಲ. ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ ಇರುವ ಅದರ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಬೇಲಿಯೊಳಗೆ ಇಂದಿಗೂ ರಾಗಿ ಬೆಳೆಯುತ್ತದೆ. ಸುತ್ತಲಿನ ಮಕ್ಕಳಿಗೆ ಉತ್ತ ನೆಲವನ್ನು ತೋರಿಸಬೇಕಾದರೆ ಅಲ್ಲಿಗೇ ಕರೆದೊಯ್ಯಬೇಕು.

ಇನ್ನು ಬೇವು ಬೆಲ್ಲ. ಬೆಲ್ಲಕ್ಕೆ ಚಿಂತೆಯಿಲ್ಲ; ಯಶವಂತಪುರದ ಮಂಡಿಯಿರುವವರೆಗೆ ಅದು ಸಿಕ್ಕೇ ಸಿಗುತ್ತದೆ. ಬೇವಿನದೇ ಪ್ರಯಾಸ. ಹಿಂದೆ ಮನೆಯ ಹುಡುಗನೊಬ್ಬ ಬೆಳಗ್ಗೆ ಎದ್ದು ಮರ ಹತ್ತಿ ಹೂ ತರುತ್ತಿದ್ದ. ಈಗ ಹಿಂದಿನ ಸಂಜೆ ಮೂಲೆಯಂಗಡಿಯ ಮುಂದೆ ಮಾವಿನ ಸೊಪ್ಪಿನ ಕಟ್ಟಿನ ಜೊತೆಗೆ ಬೇವಿನ ಕಟ್ಟೂ ಮಾರಾಟಕ್ಕೆ ಬರುತ್ತದೆ, ಚೌಕಾಸಿಯೂ ನಡೆಯುತ್ತದೆ. ಕಹಿಗೂ ದುಡ್ಡು ಕೊಡಬೇಕಾಯಿತಲ್ಲ ಎಂದು ಅಜ್ಜಿಯರು ನಗುವುದುಂಟು. ಆರ್.ಟಿ. ನಗರದಲ್ಲಿ ತೆಲುಗು ಮನೆಗಳೂ ಬೇಕಾದಷ್ಟಿವೆ. ಅವರ ಪಚ್ಚಡಿಯಲ್ಲಿ ಬೇವಿನ ಹೂವು, ಬೆಲ್ಲ, ಹೊಸ ಹುಣಿಸೆ, ಮಾವಿನಕಾಯಿ, ಉಪ್ಪು, ಖಾರ ಸೇರಿ ಷಡ್ರಸಗಳೂ ಪೂರೈಸುತ್ತವೆ. ನಮ್ಮವರದು ಎರಡೇ ರುಚಿಯ ಸಂಸಾರ. ಹೆಚ್ಚೆಂದರೆ ಒಂದಿಷ್ಟು ಹುರಿಗಡಲೆ. ಪಕ್ಕದ ಮನೆಯಿಂದ ಬಟ್ಟಲು ಬಂದಾಗ ಮಕ್ಕಳು ಯಾವುದನ್ನು ಮೆಚ್ಚುತ್ತಾರೆ ಎಂಬುದನ್ನು ಹೇಳದಿರುವುದೇ ಲೇಸು! ಆ ಹೊತ್ತಿಗೆ ಎಲ್ಲಿಂದಲೋ ಬೇಂದ್ರೆಯವರ ಯುಗಾದಿಯ ಗೀತೆ, 1963ರ ‘ಕುಲವಧು’ ಚಿತ್ರಕ್ಕಾಗಿ ಎಸ್. ಜಾನಕಿ ಹಾಡಿದುದು, ಕೇಳಿಬರುತ್ತಿರುತ್ತದೆ.

ಮರುದಿನ ಹೊಸತೊಡಕು. ಅಂದು ಮಾಡಿದ ಕೆಲಸ ವರ್ಷವೆಲ್ಲ ನಡೆಯುತ್ತದೆ ಎಂಬ ನಂಬಿಕೆ. ಮಾಂಸಾಹಾರದ ಮನೆಗಳಲ್ಲಿ ಅಂದೇ ದೊಡ್ಡ ಅಡಿಗೆ. ಬೆಳಕು ಹರಿಯುವ ಮೊದಲೇ ಮಾಂಸದಂಗಡಿಗಳ ಮುಂದೆ ಸಾಲು ನಿಲ್ಲುತ್ತದೆ. ತಿಂಗಳುಗಟ್ಟಲೆ ಚೀಟಿ ಕಟ್ಟಿ, ಕೂಡಿ ಆಡು ಕುರಿ ಕೊಂಡು, ಗುಡ್ಡೆ ಹಾಕಿ ಸಮನಾಗಿ ಹಂಚಿಕೊಳ್ಳುವ ಪದ್ಧತಿಯೂ ಉಂಟು. ಹಳೆಯ ಊರಿನವರು ಇನ್ನೂ ಒಂದಾಗಿ ಮಾಡುವ ಕೆಲಸವೆಂದರೆ ಈ ಗುಡ್ಡೆಯ ಹಂಚಿಕೆ. ಹೊನ್ನಾರು ಹೋಯಿತು, ಗುಡ್ಡೆ ನಿಂತಿತು. ಶಾಸ್ತ್ರಗ್ರಂಥಗಳಲ್ಲಿ ಇದನ್ನು ಹುಡುಕಬೇಕಾಗಿಲ್ಲ.

ಅದೇ ಸಂಜೆ ಬಿದಿಗೆಯ ಚಂದ್ರದರ್ಶನ. ಚೌತಿಯ ಚಂದ್ರನನ್ನು ನೋಡಬಾರದು. ಯುಗಾದಿಯ ಚಂದ್ರನನ್ನು ನೋಡಲೇಬೇಕು. ಕಂಡೊಡನೆ ಕೈಮುಗಿದು, ಹಿರಿಯರ ಕಾಲಿಗೆ ನಮಸ್ಕರಿಸುವುದು ರೂಢಿ. ಕೊಂಬುಗಳ ಓರೆಯನ್ನು ನೋಡಿ ಮಳೆ, ಬೆಳೆ, ಧಾರಣೆಗಳನ್ನು ಊಹಿಸುವ ಮುದುಕರೂ ಇದ್ದರು. ಹಬ್ಬದ ಎಲ್ಲ ಅಂಗಗಳಲ್ಲಿ ಇದೊಂದಕ್ಕೇ ದುಡ್ಡು ಬೇಡ, ಪುರೋಹಿತರೂ ಬೇಡ. ಆದರೂ ಪಟ್ಟಣದಲ್ಲಿ ನಮ್ಮವರು ಬಿಟ್ಟುಕೊಡುತ್ತಿರುವುದು ಇದನ್ನೇ. ಆರನೆಯ ಮಹಡಿಯ ಬಾಲ್ಕನಿಯಿಂದ ಎದುರಿನ ಆರನೆಯ ಮಹಡಿ ಕಾಣುತ್ತದೆ, ಅಷ್ಟೆ. “ಅಜ್ಜಿ, ಮೊಬೈಲಿನಲ್ಲಿ ಬಂದಿದೆ ನೋಡಿ” ಎಂದು ಮೊಮ್ಮಗ ಚಂದ್ರನ ಚಿತ್ರ ತೋರಿಸಿದರೆ ಅಜ್ಜಿ ಅದಕ್ಕೆ ಕೈಮುಗಿಯಬೇಕೇ ಬೇಡವೇ?

ಹೊರಗೆ ಹೋಗುವುದೇ ಮೇಲು. ವರ್ಷದ ಈ ಕಾಲದಲ್ಲಿ ಎಳೆಯ ಚಂದ್ರ ಸೂರ್ಯನ ಜಾಡಿನಲ್ಲಿಯೇ ನೆಟ್ಟಗೆ ಮೇಲೆ ನಿಲ್ಲುವುದರಿಂದ, ಮಿಕ್ಕ ತಿಂಗಳುಗಳಿಗಿಂತ ಸುಲಭವಾಗಿ ಕಾಣುತ್ತಾನೆ; ಎರಡು ಕೊಂಬೂ ಮೇಲಾಗಿ, ದೋಣಿಯಂತೆ ಮಲಗಿರುತ್ತಾನೆ. ಸೂರ್ಯ ಮುಳುಗುವುದು ಆರೂವರೆಯ ಸುಮಾರಿಗೆ. ಅಲ್ಲಿಂದ ಅರ್ಧ ಗಂಟೆಯೊಳಗೆ ಯಾವುದಾದರೂ ಕೆರೆಯ ಮೂಡಣ ದಂಡೆಯಲ್ಲಿ ನಿಂತರೆ, ನೀರಿನ ಆಚೆಗೆ ಪಡುವಣದ ಬಯಲು ಸಿಗುತ್ತದೆ. ಕೆರೆ ಉಳಿದಿರುವಲ್ಲಿ ಆಕಾಶವೂ ಉಳಿದಿದೆ.

ಆ ದಂಡೆಯಲ್ಲಿ ಇನ್ನೊಂದು ಮನೆಯವರೂ ಇದೇ ಚಂದ್ರನಿಗಾಗಿ ಕಾದಿರುವುದು ಸಾಧ್ಯ. 2024, 2025, 2026 ಈ ಮೂರು ವರ್ಷಗಳಲ್ಲಿ ರಂಜಾನ್ ತಿಂಗಳ ಕೊನೆಗೆ ಬಂದ ಅಮಾವಾಸ್ಯೆಯೇ ಯುಗಾದಿಯ ಅಮಾವಾಸ್ಯೆಯೂ ಆಯಿತು. ನಮ್ಮ ಬಾಲಚಂದ್ರನೇ ಅವರ ಈದ್‌ನ ಚಂದ್ರ. ಇದಕ್ಕೆ ಕಾರಣ ಲೆಕ್ಕದಲ್ಲಿದೆ. ಹನ್ನೆರಡು ಚಾಂದ್ರಮಾಸಕ್ಕೆ 354 ದಿನ. ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಡಮೆ. ಹಿಜರಿ ವರ್ಷವು ಆ ಕೊರತೆಯನ್ನು ತುಂಬುವುದಿಲ್ಲ, ಹಿಂದಕ್ಕೆ ಸರಿಯುತ್ತಲೇ ಹೋಗುತ್ತದೆ. ನಮ್ಮ ಪಂಚಾಂಗ ಎರಡು ಮೂರು ವರ್ಷ ಸರಿದು, ಅಧಿಕ ಮಾಸವನ್ನು ಸೇರಿಸಿ ಮರಳಿ ವಸಂತಕ್ಕೆ ಬಂದು ನಿಲ್ಲುತ್ತದೆ. 1957ರ ಮಾರ್ಚ್ 22ರಿಂದ ಸರ್ಕಾರ ಜಾರಿಗೆ ತಂದ ರಾಷ್ಟ್ರೀಯ ಪಂಚಾಂಗದ ಚೈತ್ರ ಹೀಗೆ ಓಡಾಡುವುದಿಲ್ಲ. ಆದರೆ ಆ ಚೈತ್ರದ ಮೊದಲ ದಿನವೆಂದು ಬೇವು ಬೆಲ್ಲ ತಿಂದವರನ್ನು ನಾನು ಕಂಡಿಲ್ಲ. ಕರಾವಳಿಯಿಂದ, ಕಾಸರಗೋಡಿನಿಂದ ಬಂದು ಇಲ್ಲಿ ನೆಲೆಸಿದವರು ಸೌರಮಾನದ ಬಿಸುವನ್ನು ಏಪ್ರಿಲ್ ನಡುವಿನಲ್ಲಿ ಆಚರಿಸುತ್ತಾರೆ; ಅವರಿಗೆ ಚಂದ್ರನ ಗೊಡವೆಯೇ ಇಲ್ಲ.

2026ರಲ್ಲಿ ಅಧಿಕ ಜ್ಯೇಷ್ಠವಿರುವುದರಿಂದ ಯುಗಾದಿಯ ದಾರಿಯೂ ಈದ್‌ನ ದಾರಿಯೂ ಕವಲೊಡೆಯುತ್ತವೆ. 2027ರ ಈದ್ ಮಾರ್ಚ್ 10ರ ಸುಮಾರಿಗೆ. ಪ್ಲವಂಗ ಸಂವತ್ಸರದ ಯುಗಾದಿ ಏಪ್ರಿಲ್ 7, ಬುಧವಾರ. ಬೇವು ಆ ವೇಳೆಗೆ ಚೆನ್ನಾಗಿ ಹೂ ಬಿಟ್ಟಿರಬೇಕು. ಮಾರನೆಯ ಸಂಜೆ ಮೋಡವಿಲ್ಲದಿದ್ದರೆ, ಏಳು ಗಂಟೆಗೆ ಮುಂಚೆ ಕೆರೆಯ ಏರಿಯ ಮೇಲೆ ಚಂದ್ರನನ್ನು ಕಾಣಬಹುದು.