ಬುತ್ತಿ, ಧರ್ಮಶಾಲೆ, ಖಾನಾವಳಿ

ಡಿಕನ್ಸನ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯನ್ನು ಓದಿದವರಿಗೆ ಇಂಗ್ಲೆಂಡಿನ ಗ್ರಾಮಾಂತರದ ಪಾಂಥಶಾಲೆಗಳು ಅಪರಿಚಿತವಲ್ಲ. ಮಂಜು ಮುಸುಕಿದ ಸಂಜೆ ಕುದುರೆಗಾಡಿಯೊಂದು ಬಂದು ಅಂಗಳದಲ್ಲಿ ನಿಲ್ಲುತ್ತದೆ. ಒಳಗೆ ಅಗ್ಗಿಷ್ಟಿಕೆ ಧಗಧಗಿಸುತ್ತಿರುತ್ತದೆ. ಯಜಮಾನನು ಬಾಗಿಲಿಗೇ ಬಂದು ಎದುರುಗೊಳ್ಳುತ್ತಾನೆ. ಪ್ರಯಾಣಿಕನಿಗೆ ಕೆಳಗೆ ಊಟ, ಮಹಡಿಯ ಮೇಲೆ ಹಾಸಿಗೆ, ಹಿಂಬದಿಯ ಲಾಯದಲ್ಲಿ ಕುದುರೆಗೆ ಮೇವು. ಬೆಳಗಾದಾಗ ಮೂರಕ್ಕೂ ಸೇರಿ ಒಂದೇ ಲೆಕ್ಕ. ರೈಲು ಬಂದು ಆ ಗಾಡಿಗಳು ಹೋದವು. ಆದರೆ ಪಾಂಥಶಾಲೆಗಳು ಹಲವು ಉಳಿದಿವೆ. ಪ್ರವಾಸಿಗಳು ಇಂದಿಗೂ ಅರಸಿಕೊಂಡು ಹೋಗಿ ಅಲ್ಲಿ ತಂಗುತ್ತಾರೆ.

ಕೃಷ್ಣಾತೀರದ ಕನ್ನಡ ನಾಡಿನಲ್ಲಿ ಇಂಥ ಸಂಸ್ಥೆ ಬೆಳೆಯಲಿಲ್ಲ. ಹಾಗೆಂದು ಇಲ್ಲಿಯ ಜನ ಮನೆ ಬಿಟ್ಟು ಕದಲುತ್ತಿರಲಿಲ್ಲವೆಂದಲ್ಲ. ಜಾತ್ರೆ, ಸಂತೆ, ಬೀಗತನ, ಕೋರ್ಟು ಕಚೇರಿ ಎಂದು ಸದಾ ಓಡಾಟವೇ. ಆದರೆ ಊಟ ಒಂದು ಕಡೆ, ವಸತಿ ಇನ್ನೊಂದು ಕಡೆ, ಎತ್ತುಗಳ ಮೇವು ಗಾಡಿಯ ಹಿಂಬದಿಯಲ್ಲಿ. ಈ ಮೂರೂ ಒಂದೇ ಸೂರಿನ ಕೆಳಗೆ ಏಕೆ ಕೂಡಿಬರಲಿಲ್ಲವೆಂಬುದು ವಿಚಾರ ಮಾಡತಕ್ಕ ಸಂಗತಿ.

ಚಿಕ್ಕೋಡಿ ತಾಲೂಕಿನ ಅಂಕಲಿಯು ಕೃಷ್ಣೆಯ ದಂಡೆಯ ಊರು. ಹಳೆಯ ಕಾಲದ ಪ್ರಯಾಣವು ಹೇಗಿರುತ್ತಿತ್ತೆಂಬುದನ್ನು ಇಂದೂ ಕಣ್ಣಾರೆ ಕಾಣಬೇಕೆನ್ನುವವರು ಜ್ಯೇಷ್ಠ ಮಾಸದಲ್ಲಿ ಇಲ್ಲಿಗೆ ಬರಬೇಕು. ಇಲ್ಲಿಯ ಸರದಾರ ಶಿತೋಳೆ ಮನೆತನದ ವಾಡೆಯಿಂದ ಪ್ರತಿ ವರ್ಷ ಎರಡು ಕುದುರೆಗಳು ಹೊರಟು, ಮೀರಜ, ಸಾತಾರಾ, ಪುಣೆಯ ದಾರಿಯಾಗಿ, ಮುನ್ನೂರು ಕಿಲೋಮೀಟರುಗಳ ಸಮೀಪದ ಹಾದಿಯನ್ನು ಕಾಲ್ನಡಿಗೆಯಲ್ಲಿಯೇ ಕ್ರಮಿಸಿ ಆಳಂದಿಯನ್ನು ಸೇರುತ್ತವೆ. ಸಂತ ಜ್ಞಾನೇಶ್ವರರ ಪಾದುಕೆಗಳನ್ನು ಪಲ್ಲಕ್ಕಿಯಲ್ಲಿಟ್ಟು ಪಂಢರಪುರಕ್ಕೆ ಒಯ್ಯುವ ಈಗಿನ ಪದ್ಧತಿಯನ್ನು 19ನೆಯ ಶತಮಾನದ ಮೊದಲ ಭಾಗದಲ್ಲಿ ರೂಪಿಸಿದವರು ಹೈಬತಬಾಬಾ ಎಂಬ ಭಕ್ತರು. ಅವರಿಗೆ ಕುದುರೆ, ಡೇರೆಗಳನ್ನು ಒದಗಿಸಿ ನೆರವಾದವರು ಅಂಕಲಿಯ ಶಿತೋಳೆಯವರು. ಪಲ್ಲಕ್ಕಿಯ ಮುಂದೆ ನಡೆಯುವ ಎರಡು ಕುದುರೆಗಳಲ್ಲಿ ಒಂದರ ಮೇಲೆ ಧ್ವಜ ಹಿಡಿದ ಸವಾರನಿರುತ್ತಾನೆ. ಇನ್ನೊಂದರ ಬೆನ್ನು ಬರಿದು. ಅಲ್ಲಿ ಜ್ಞಾನೇಶ್ವರರೇ ಆಸೀನರಾಗಿರುವರೆಂದು ವಾರಕರಿಗಳ ನಂಬಿಕೆ.

ಕುದುರೆಗಳ ಈ ಪಯಣಕ್ಕೆ ಹತ್ತು ಹನ್ನೊಂದು ದಿನ ಹಿಡಿಯುತ್ತದೆ. ಅಷ್ಟು ರಾತ್ರಿಗಳ ಮುಕ್ಕಾಮು ವರ್ಷ ವರ್ಷವೂ ಗೊತ್ತಾದ ಊರುಗಳಲ್ಲಿ. ಊರವರು ಎದುರುಗೊಂಡು ಆರತಿ ಎತ್ತುತ್ತಾರೆ, ಕುದುರೆಗೆ ಮೇವು, ಜೊತೆಯವರಿಗೆ ಊಟ ಒದಗಿಸುತ್ತಾರೆ. ಇದು ಇಂಗ್ಲೆಂಡಿನ ಪಾಂಥಶಾಲೆಗೆ ತೀರ ವಿರುದ್ಧವಾದ ಏರ್ಪಾಡು. ಅಲ್ಲಿ ಯಾರೂ ಬಂದಾರು, ಹಣ ಕೊಟ್ಟರೆ ಸರಿ. ಇಲ್ಲಿ ಬರುವವರು ಯಾರೆಂಬುದು ಮೊದಲೇ ಗೊತ್ತು, ಹಣದ ಮಾತೇ ಇಲ್ಲ. ಗುರುತು ಪರಿಚಯವಿಲ್ಲದ ಒಂಟಿ ಪ್ರಯಾಣಿಕನ ಪಾಡು ಏನು? ಅವನು ಬುತ್ತಿಯನ್ನು ಕಟ್ಟಿಕೊಂಡು ಹೊರಡುತ್ತಿದ್ದ.

ಬುತ್ತಿಯ ಮಹಿಮೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ತಣ್ಣೀರಿನಲ್ಲಿ ಕಲಸಿದರೆ ಬಿರಿಯುತ್ತದೆ. ಆದ್ದರಿಂದ ಕುದಿಯುವ ನೀರು ಹಾಕಿ, ಕೈ ಸುಡುವಾಗಲೇ ನಾದಿ, ಅಂಗೈಯಿಂದ ತಟ್ಟಿ ತಟ್ಟಿ ಅಗಲಿಸಬೇಕು. ರೊಟ್ಟಿಯನ್ನು ‘ಬಡಿಯುವುದು’ ಎಂಬ ಮಾತು ಹುಟ್ಟಿದ್ದು ಹೀಗೆ. ಹಂಚಿನ ಮೇಲೆ ಹಾಕಿ, ಮೇಲ್ಮೈಗೆ ನೀರು ಸವರಿ, ಮಗುಚಿ ಉಬ್ಬಿಸಿದರೆ ಬಿಸಿರೊಟ್ಟಿ. ಅದನ್ನೇ ತೆಳ್ಳಗೆ ಬಡಿದು, ತೇವವೆಲ್ಲ ಆರುವಂತೆ ಒಲೆಯ ಬದಿಗೆ ನಿಲ್ಲಿಸಿ ಒಣಗಿಸಿದರೆ ಕಡಕ್ ರೊಟ್ಟಿ. ನೀರಿಲ್ಲದ ಪದಾರ್ಥಕ್ಕೆ ಬೂಸು ಹಿಡಿಯುವುದೆಲ್ಲಿಂದ? ವಾರಗಟ್ಟಲೆ ಕೆಡುವುದಿಲ್ಲ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಮೆಣಸಿನಕಾಯಿಯ ರಂಜಕ, ಒಂದು ಉಳ್ಳಾಗಡ್ಡಿ. ಅರಿವೆಯಲ್ಲಿ ಗಂಟು ಕಟ್ಟಿ ಹೆಗಲಿಗೇರಿಸಿದರೆ ಪಂಢರಪುರವಾಗಲಿ ಶ್ರೀಶೈಲವಾಗಲಿ ದೂರವೆನಿಸದು. ಬಾವಿಯ ದಡವೋ ಹೊಳೆಯ ದಂಡೆಯೋ ಸಿಕ್ಕಿದರೆ ಅದೇ ಊಟದ ಮನೆ. ಉಳ್ಳಾಗಡ್ಡಿಯನ್ನು ಹೆಚ್ಚುವ ಗೋಜೂ ಬೇಡ. ಕಲ್ಲಿನ ಮೇಲಿಟ್ಟು ಗುದ್ದಿದರಾಯಿತು.

ಆದರೆ ಬುತ್ತಿಗೆ ರುಚಿ, ಮಿತವ್ಯಯಗಳಷ್ಟೇ ಕಾರಣವಲ್ಲ. ಪರರ ಕೈಯ ಅಡಿಗೆಯನ್ನು ಉಣ್ಣಲು ಹಲವರಿಗೆ ಜಾತಿಯ ಅಡ್ಡಿ. ಕೇಳಿದರೂ ಅನ್ನ ಹುಟ್ಟದೆಂಬ ಭಯ ಇನ್ನು ಹಲವರಿಗೆ. ಮೊದಲನೆಯವರ ಬುತ್ತಿ ಅಭಿಮಾನದ್ದು, ಎರಡನೆಯವರದು ಅನಿವಾರ್ಯದ್ದು.

ಇನ್ನು ಮಲಗುವ ಸ್ಥಳ. ಊರ ಗುಡಿ, ಮಠ, ಇಲ್ಲವೆ ಧರ್ಮಶಾಲೆ. ಮೂರು ಕಡೆ ಗೋಡೆ, ಮುಂದೆ ಕಂಬಗಳ ಸಾಲು, ನೆಲಕ್ಕೆ ಹಾಸುಗಲ್ಲು; ಹಳೆಯ ಧರ್ಮಶಾಲೆಯೆಂದರೆ ಬಹುಮಟ್ಟಿಗೆ ಇಷ್ಟೇ. ಹಾಸಿಗೆ, ದೀಪ, ಅಡಿಗೆಯವ ಯಾವುದೂ ಇಲ್ಲ, ಬಾಡಿಗೆಯೂ ಇಲ್ಲ. ಕೃಷ್ಣೆಯ ಈ ಸೀಮೆಯಲ್ಲಿ ಯಾತ್ರಾಸ್ಥಳಗಳಿಗೆ ಕೊರತೆಯಿಲ್ಲ. ಚಿಕ್ಕೋಡಿ ತಾಲೂಕಿನ ಯಡೂರಿನಲ್ಲಿ ವೀರಭದ್ರನ ಗುಡಿ. ಮೇಲ್ಗಡೆ ಪಂಚಗಂಗೆಯು ಕೃಷ್ಣೆಯನ್ನು ಕೂಡುವಲ್ಲಿ ದತ್ತಾತ್ರೇಯನ ನರಸೋಬವಾಡಿ. ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಮಾಯಕ್ಕ. ಭಾರತ ಹುಣ್ಣಿವೆಯ ಚಿಂಚಲಿ ಜಾತ್ರೆಗೆ ಮಹಾರಾಷ್ಟ್ರದಿಂದಲೂ ಎತ್ತಿನ ಗಾಡಿಗಳು ಸಾಲುಗಟ್ಟಿ ಬರುತ್ತವೆ. ಗಾಡಿಯೇ ಅವರ ಧರ್ಮಶಾಲೆ. ರಾತ್ರಿ ಅದರ ಕೆಳಗೇ ನಿದ್ದೆ.

ಇಂಗ್ಲೆಂಡಿನಲ್ಲಿಯೂ ಆದಿಯಲ್ಲಿ ಸ್ಥಿತಿ ತೀರ ಬೇರೆಯಾಗಿರಲಿಲ್ಲ. ಅಲ್ಲಿ ಯಾತ್ರಿಕರನ್ನು ಸತ್ಕರಿಸುತ್ತಿದ್ದುದು ಕ್ರೈಸ್ತ ಮಠಗಳು. ಗ್ಲಾಸ್ಟರ್ ಪಟ್ಟಣದ ನ್ಯೂ ಇನ್ ಎಂಬ ಪ್ರಸಿದ್ಧ ಪಾಂಥಶಾಲೆಯು 15ನೆಯ ಶತಮಾನದ ನಡುವೆ ಅಲ್ಲಿಯ ಮಠವು ಯಾತ್ರಿಕರಿಗಾಗಿ ಕಟ್ಟಿಸಿದ್ದು. ಹೆಸರು ‘ಹೊಸದು’, ವಯಸ್ಸು ಐದು ನೂರನ್ನು ಮೀರಿದೆ! 1536ರಿಂದ 1540ರೊಳಗೆ ಎಂಟನೆಯ ಹೆನ್ರಿಯು ಮಠಗಳನ್ನೆಲ್ಲ ಮುಚ್ಚಿಸಿದ. ಆತಿಥ್ಯವು ಧರ್ಮದ ಕೈಯಿಂದ ಅಂಗಡಿಯವನ ಕೈಗೆ ಬರಲು ಅದೂ ಒಂದು ಕಾರಣವಾಯಿತು. ಅಲ್ಲಿಯ ನ್ಯಾಯಪದ್ಧತಿ ಆ ಅಂಗಡಿಯವನ ಮೇಲೆ ಒಂದು ಕಟ್ಟುಪಾಡನ್ನೂ ಹೊರಿಸಿತ್ತು. ಜಾಗವಿದ್ದು, ಪ್ರಯಾಣಿಕನು ಹಣ ಕೊಡಲು ಸಿದ್ಧನಿದ್ದು, ಅವನ ನಡತೆಯಲ್ಲಿ ದೋಷವಿಲ್ಲದಿದ್ದರೆ ‘ಒಳಗೆ ಬರಬೇಡ’ ಎನ್ನುವಂತಿಲ್ಲ.

ನಮ್ಮ ಧರ್ಮಶಾಲೆಗೆ ಬಾಡಿಗೆಯಿರಲಿಲ್ಲ ನಿಜ; ಆದರೆ ಬಾಗಿಲಿಲ್ಲದ ಆ ಕಟ್ಟಡಕ್ಕೂ ಕಣ್ಣಿಗೆ ಕಾಣದ ಬಾಗಿಲೊಂದಿತ್ತು. 1923ರ ಆಗಸ್ಟಿನಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಎಸ್. ಕೆ. ಬೋಳೆಯವರು ಒಂದು ಗೊತ್ತುವಳಿಯನ್ನು ತಂದರು. ಸಾರ್ವಜನಿಕ ಹಣದಿಂದ ನಡೆಯುವ ಕೆರೆ, ಬಾವಿ, ಧರ್ಮಶಾಲೆಗಳನ್ನು ಅಸ್ಪೃಶ್ಯರೂ ಬಳಸಲು ಅವಕಾಶವಿರಬೇಕೆಂಬುದು ಅದರ ಸಾರ. ಗೊತ್ತುವಳಿ ಅಂಗೀಕೃತವಾಯಿತು. ಮಹಾಡದ ಕೆರೆಯ ಸತ್ಯಾಗ್ರಹಕ್ಕೆ ಅದೇ ತಳಹದಿಯಾದ್ದರಿಂದ ಕೆರೆಯ ಮಾತು ಎಲ್ಲರಿಗೂ ನೆನಪಿದೆ. ಧರ್ಮಶಾಲೆಯ ಮಾತು ಅಷ್ಟಾಗಿ ನೆನಪಿಲ್ಲ. ಚಿಕ್ಕೋಡಿ ಸೀಮೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಅದು ಇಲ್ಲಿಗೂ ಅನ್ವಯಿಸುತ್ತಿತ್ತು. ಕಾಗದದ ಮೇಲಿನ ಅನುಮತಿಯೇ ಬೇರೆ, ಊರ ಮಂದಿಯ ಒಪ್ಪಿಗೆಯೇ ಬೇರೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

1925ರ ಏಪ್ರಿಲಿನಲ್ಲಿ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತ ವರ್ಗಗಳ ಪರಿಷತ್ತು ನೆರೆಯಿತು. ಅಧ್ಯಕ್ಷರಾಗಿ ಬಂದವರು ಡಾ. ಅಂಬೇಡ್ಕರರು. ಪಾಂಥಶಾಲೆಯ ಬಾಗಿಲು ಎಂದರೇನೆಂಬುದನ್ನು ಅವರಷ್ಟು ಕಹಿಯಾಗಿ ಬಲ್ಲವರು ವಿರಳ. 1917ರಲ್ಲಿ ವಿದೇಶದ ವ್ಯಾಸಂಗವನ್ನು ಅರ್ಧಕ್ಕೆ ನಿಲ್ಲಿಸಿ ಬಂದು ಬರೋಡಾ ಸಂಸ್ಥಾನದ ಸೇವೆಗೆಂದು ಹೋದಾಗ ಅವರಿಗೆ ಇಳಿದುಕೊಳ್ಳಲು ಮನೆ ದೊರೆಯಲಿಲ್ಲ. ಪಾರಸಿಗಳ ಒಂದು ವಸತಿಗೃಹದಲ್ಲಿ ಪಾರಸಿ ಹೆಸರನ್ನಿಟ್ಟುಕೊಂಡು ತಂಗಬೇಕಾಯಿತು. ಜನಸಂಚಾರವಿಲ್ಲದ ಮಹಡಿ, ಮಿಣುಕುವ ಲಾಟೀನು, ಜೊತೆಗೆ ಪುಸ್ತಕಗಳು. ಹನ್ನೊಂದನೆಯ ದಿನ ಬೆಳಿಗ್ಗೆ ಕೋಲು ಹಿಡಿದ ಹತ್ತಾರು ಮಂದಿ ಬಂದು ಹೊರಡಿಸಿದರು. ರಾತ್ರಿಯ ಮುಂಬಯಿ ರೈಲಿನವರೆಗೆ ಅವರು ಕಾಲ ಕಳೆದದ್ದು ಉದ್ಯಾನವನದಲ್ಲಿ. ಈ ಪ್ರಸಂಗವನ್ನು ತಮ್ಮ ಆತ್ಮಕಥನದ ಬರಹದಲ್ಲಿ ಅವರೇ ನಿರೂಪಿಸಿದ್ದಾರೆ.

ಇಂಗ್ಲೆಂಡಿನ ನಿಯಮವೂ ಪರೀಕ್ಷೆಗೆ ಗುರಿಯಾಗದೆ ಉಳಿಯಲಿಲ್ಲ. ವೆಸ್ಟ್ ಇಂಡೀಸಿನ ಹೆಸರಾಂತ ಕ್ರಿಕೆಟ್ ಆಟಗಾರ ಲಿಯರಿ ಕಾನ್‌ಸ್ಟಂಟೈನ್‌ರನ್ನು 1943ರಲ್ಲಿ ಲಂಡನ್ನಿನ ಇಂಪೀರಿಯಲ್ ಹೋಟೆಲು ಮೈಬಣ್ಣದ ಕಾರಣದಿಂದ ಸೇರಿಸಲಿಲ್ಲ. ಅವರು ದಾವೆ ಹೂಡಿ 1944ರಲ್ಲಿ ಗೆದ್ದರು. ಸಿಕ್ಕ ಪರಿಹಾರ ಐದು ಗಿನಿ ಮಾತ್ರ. ಮೊತ್ತ ಹಾಸ್ಯಾಸ್ಪದ. ಆದರೂ ಬಾಗಿಲಲ್ಲಿ ತಡೆದದ್ದು ತಪ್ಪೆಂದು ನ್ಯಾಯಾಲಯದ ಬಾಯಿಂದ ಹೇಳಿಸಿದಂತಾಯಿತಲ್ಲ!

ನಮ್ಮಲ್ಲಿ ಸಂವಿಧಾನದ 15ನೆಯ ವಿಧಿಯು ಹೋಟೆಲು, ಉಪಾಹಾರಗೃಹಗಳ ಪ್ರವೇಶವನ್ನು ಹೆಸರಿಸಿಯೇ ಹೇಳಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೋಟೆಲು, ಧರ್ಮಶಾಲೆ, ಮುಸಾಫಿರಖಾನೆಗಳಲ್ಲಿ ಇಟ್ಟ ಪಾತ್ರೆ ಪಡಗಗಳನ್ನು ಬಳಸಗೊಡದಿರುವುದನ್ನೂ ಅಪರಾಧವೆಂದು ಸಾರಿತು. ಲೋಟವನ್ನೂ ಕಾಯಿದೆಯೊಳಗೆ ಸೇರಿಸಬೇಕಾಯಿತೆಂದರೆ ಊಟದ ಮನೆಗಳ ಅಂದಿನ ಸ್ಥಿತಿಯನ್ನು ಊಹಿಸಬಹುದು.

ಊಟದ ಮನೆಯೆಂದರೆ ಈ ಸೀಮೆಯಲ್ಲಿ ಖಾನಾವಳಿ. ಮರಾಠಿಯಿಂದ ಬಂದ ಮಾತು. ಸರಕು ಮಾತ್ರ ಅಚ್ಚ ಇಲ್ಲಿಯದು. ಕೋರ್ಟು, ಕಾಲೇಜು, ಹತ್ತಿ ತಂಬಾಕುಗಳ ಪೇಟೆ ಬೆಳೆದ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ನಿಪ್ಪಾಣಿಗಳಲ್ಲಿ ಮನೆಯಿಂದ ದೂರವಿದ್ದ ಗುಮಾಸ್ತರು, ವಿದ್ಯಾರ್ಥಿಗಳು ಹೆಚ್ಚಿದರು. ಬಡ ವಿದ್ಯಾರ್ಥಿಗೆ ವಾರಾನ್ನ. ತಿಂಗಳಿಗಿಷ್ಟೆಂದು ಕೊಡಬಲ್ಲವನಿಗೆ ಖಾನಾವಳಿ. ಮೊದಮೊದಲು ಇದರ ಹಲಗೆಯ ಮೇಲೂ ಜಾತಿ ಇತ್ತು. ಲಿಂಗಾಯತ ಖಾನಾವಳಿ, ಮರಾಠಾ ಖಾನಾವಳಿ, ಸಾವಜಿ ಖಾನಾವಳಿ. ಕೆಲವು ಇಂದಿಗೂ ಹಾಗೆಯೇ ಇವೆ. ಈಗ ಅದರ ಅರ್ಥ ಬಹುಮಟ್ಟಿಗೆ ರುಚಿಯದು: ಮೊದಲನೆಯದರಲ್ಲಿ ಶಾಕಾಹಾರ, ಕೊನೆಯದರಲ್ಲಿ ಖಾರದ ಮಾಂಸದೂಟ ಎಂಬ ಸೂಚನೆ. ಹಿಂದೆ ಅದು ಯಾರು ಒಳಗೆ, ಯಾರು ಹೊರಗೆ ಎಂಬುದರ ಸೂಚನೆಯೂ ಆಗಿತ್ತೆಂಬುದನ್ನು ಮರೆಯುವುದು ಸುಲಭ, ಮರೆಯಬಾರದು.

ಖಾನಾವಳಿಯ ತಾಟಿಗೆ ಬರುವುದೂ ಹೆಚ್ಚುಕಡಿಮೆ ಅದೇ ಬುತ್ತಿಯ ಗಂಟು, ಬಿಚ್ಚಿ ಬಿಸಿ ಮಾಡಿದ್ದು. ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಮಡಕೆಕಾಳಿನ ಪಲ್ಯ, ಜುಣಕ, ಚಟ್ನಿಪುಡಿಗೆ ಕೆನೆಮೊಸರು, ಹಸಿ ಮೆಂತ್ಯದ ಸೊಪ್ಪು, ಕೊನೆಗೆ ಅನ್ನ, ಸಾರು. ಹಿಂಬದಿಯಲ್ಲಿ ಒಲೆಯ ಮುಂದೆ ಕುಳಿತ ಹೆಂಗಸರು ರೊಟ್ಟಿ ಬಡಿಯುವ ಸಪ್ಪಳವು ಹೊರಗಿನವರೆಗೂ ಕೇಳಿಸಿದರೆ ಊಟ ಚೆನ್ನಾಗಿದೆಯೆಂದೇ ತಿಳಿಯಬಹುದು. ಯಂತ್ರದಲ್ಲಿ ಒತ್ತಿದ ರೊಟ್ಟಿಯೂ ಬಂದಿದೆ. ಅದು ದುಂಡಗಿರುತ್ತದೆ, ಅಷ್ಟೆ. ಅಂದಿನ ಕಡಕ್ ರೊಟ್ಟಿ ಈಗ ಪೊಟ್ಟಣದಲ್ಲಿ ಕುಳಿತು ಬೆಂಗಳೂರಿನ ಅಂಗಡಿಗಳಿಗೂ ಪ್ರಯಾಣ ಮಾಡುತ್ತದೆ. ಈ ಸೀಮೆಗೆ ಬರುವ ಕುಟುಂಬಗಳು ಬಿಸಿರೊಟ್ಟಿಯನ್ನು ಬಯಸುವುದಾದರೆ ಮಧ್ಯಾಹ್ನ ಹನ್ನೆರಡರಿಂದ ಎರಡರೊಳಗೆ ಖಾನಾವಳಿಯನ್ನು ಹೊಗುವುದು ಲೇಸು. ಆಮೇಲೆ ಹೋದವರ ತಾಟಿಗೆ ಬೀಳುವುದು ಕಡಕ್ ರೊಟ್ಟಿಯೇ.